ಮನೆಯೊಳಗಿನ ಹಾಡಿನ ಪೆಟ್ಟಿಗೆ

ಈಗ ನಮ್ಮ ಗದಗ-ಬೆಟಗೇರಿಯ ಯಾವ ಓಣಿಯಲ್ಲೇ ಆಗಲಿ, ಹುಟ್ಟಿದ ಹಬ್ಬ, ಸೀಮಂತ, ಮಹಿಳಾ ಮಂಡಳದ ಸ್ನೇಹಕೂಟ ಎಂದರೆ ಗಾಲಿ ಹಚ್ಚಿದ ಕರಿಯ ಪೆಟ್ಟಿಗೆಯೊಂದು ಬಂದು ಕೂಡುತ್ತದೆ. ಅದಕ್ಕೆ ಎಳೆದೊಯ್ಯಲು ಹಿಡಿಕೆ, ಹಾಡಲು ಒಂದೆರಡು ಮೈಕು, ಕರೆಂಟು ಹೋದರೂ ನಿಲ್ಲದಂತೆ ಒಳಗೆ ಬ್ಯಾಟರಿ. ಮೊಬೈಲಿನಿಂದ ಹಾಡಿನ ವಾದ್ಯಗಳಷ್ಟೇ ಬರುತ್ತವೆ, ಹಾಡುವ ಕೆಲಸ ನಮ್ಮದು. ಇದಕ್ಕೆ ಕರೋಕೆ ಎನ್ನುತ್ತಾರೆ. ಮಕ್ಕಳು ನಾಚಿಕೆಯಿಲ್ಲದೆ ಹಾಡುತ್ತಾರೆ, ಗಂಡಸರು ಒಂದು ಹಾಡೆಂದು ಹೇಳಿ ನಾಲ್ಕು ಹಾಡುತ್ತಾರೆ. ಮೈಕು ಹೆಂಗಸರ ಕಡೆ ಬಂದಾಗ ಮಾತ್ರ ಒಬ್ಬರು ಇನ್ನೊಬ್ಬರ ಹಿಂದೆ ಸರಿಯುತ್ತಾರೆ. “ಅಯ್ಯ, ನನಗೆಲ್ಲಿ ಹಾಡಾಕ ಬರತೈತ್ರಿ ಅಕ್ಕೋರ” ಎಂಬುದು ನಾನು ಅತಿ ಹೆಚ್ಚು ಸಲ ಕೇಳಿದ ಮಾತು. ಶಾಲೆಯಲ್ಲಿ ಎಂಟನೆಯ ಇಯತ್ತೆಯ ಹುಡುಗಿಯರೂ ಇದನ್ನೇ ಹೇಳುತ್ತಾರೆ, ನಿವೃತ್ತಿಗೆ ಬಂದ ನನ್ನ ಸಹೋದ್ಯೋಗಿಗಳೂ ಹೇಳುತ್ತಾರೆ.

ಇತಿಹಾಸ ಕಲಿಸುವವಳಿಗೆ ಪ್ರತಿಯೊಂದರ ಹಿಂದೆಯೂ ಒಂದು ಕಾರಣ ಹುಡುಕುವ ಚಟ. ಹಾಡಲು ಬಾರದ ಹೆಂಗಸು ನಮ್ಮ ಸೀಮೆಯಲ್ಲಿ ಯಾವಾಗಿನಿಂದ ಹುಟ್ಟಿದಳು? ಏಕೆಂದರೆ ನಮ್ಮ ಅಜ್ಜಿಯರಲ್ಲಿ ಅಂಥವರು ಇರಲಿಲ್ಲ. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಹಳ್ಳಿಗಳಲ್ಲಿ ಹೆಂಗಸರು ಬೆಳಗಿನ ನಾಲ್ಕು ಗಂಟೆಗೆ ಎದ್ದು ಬೀಸುವ ಕಲ್ಲಿನ ಮುಂದೆ ಕೂತರೆ ಹಾಡು ತಾನಾಗಿ ಬರುತ್ತಿತ್ತು. ಯಾರಿಗೆ ಬರುತ್ತದೆ, ಯಾರಿಗೆ ಬರುವುದಿಲ್ಲ ಎಂಬ ಪ್ರಶ್ನೆಯೇ ಇರಲಿಲ್ಲ. ವಿಚಾರಿಸಿ ನೋಡಿದರೆ ಆ ಕಲ್ಲೇ ನಮ್ಮ ಮನೆಯ ಮೊದಲ ವಾದ್ಯ. ಗರಗರ ಎಂಬ ಅದರ ದನಿ ಒಂದೇ ಸಮನೆ ನಿಂತು ಶ್ರುತಿ ಕೊಡುತ್ತಿತ್ತು. ಗೂಟ ಒಂದು ಸುತ್ತು ಬರುವುದರಲ್ಲಿ ತಾಳ ಸಿಕ್ಕುತ್ತಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಅದು ಬೀಸುವವಳ ತೋಳಿನ ವೇಗಕ್ಕೆ ನಡೆಯುತ್ತಿತ್ತು. ಅವಳು ಉಸಿರು ತೆಗೆದುಕೊಂಡರೆ ಕಲ್ಲೂ ನಿಧಾನಿಸುತ್ತಿತ್ತು. ಕೇಳುವವರು ಯಾರೂ ಇರುತ್ತಿರಲಿಲ್ಲವಾದ್ದರಿಂದ ತವರಿನ ನೆನಪು, ಅತ್ತೆಯ ಮಾತು, ಸತ್ತ ಕೂಸು ಎಲ್ಲವೂ ಆ ಹಾಡಿನೊಳಗೆ ಬರುತ್ತಿದ್ದವು. ವಿಜಾಪುರ ಜಿಲ್ಲೆಯ ಹಲಸಂಗಿಯ ಗೆಳೆಯರು ಇಂಥ ಹಾಡುಗಳನ್ನು ಕೂಡಿಸಿ 1931ರಲ್ಲಿ ‘ಗರತಿಯ ಹಾಡು’ ಎಂದು ಅಚ್ಚು ಹಾಕಿಸಿದಾಗ, ಓದು ಬರೆಹ ಬಾರದ ಹೆಂಗಸರು ಎಷ್ಟು ದೊಡ್ಡ ಕವಿಗಳೆಂದು ಓದು ಬಲ್ಲವರಿಗೆ ಗೊತ್ತಾಯಿತು.

ಆಮೇಲೆ ಊರೂರಿಗೆ ಹಿಟ್ಟಿನ ಗಿರಣಿ ಬಂತು. ಗಿರಣಿಯನ್ನು ನಾನು ಬೈಯಲಾರೆ. ಅಂಗೈಯ ಗುಳ್ಳೆ, ಬೆನ್ನುನೋವು, ನಿದ್ದೆಗೇಡು ಕಂಡವರು ಯಾರೂ ಬೈಯರು. ಆದರೆ ಕಲ್ಲು ಮೂಲೆ ಸೇರಿದಾಗ ಅದರ ಜೊತೆಗಿನ ಶ್ರುತಿ-ತಾಳಗಳೂ ಮೂಲೆ ಸೇರಿದವು. ಹಾಡಿಗೆ ಹೊತ್ತು ಉಳಿಯಲಿಲ್ಲ, ಸಾಥ್ ಉಳಿಯಲಿಲ್ಲ. ಆಮೇಲೆ ನಮ್ಮ ಮನೆಗಳಿಗೆ ಒಂದರ ಹಿಂದೊಂದು ಬಂದ ಪೆಟ್ಟಿಗೆಗಳ ಕಥೆಯನ್ನು ನಾನು ಈ ಜಾಗದಲ್ಲಿ ನಿಂತು ನೋಡುತ್ತೇನೆ: ಯಾವ ಪೆಟ್ಟಿಗೆ ನಮ್ಮ ಬಾಯಿ ತೆರೆಸಿತು, ಯಾವುದು ನಮ್ಮನ್ನು ಬರೀ ಕೇಳುವವರನ್ನಾಗಿ ಮಾಡಿತು?

ಮೊದಲು ಬಂದದ್ದು ಪೇಟಿ. ನಮ್ಮ ಕಡೆ ಹಾರ್ಮೋನಿಯಮ್ಮಿಗೆ ಪೇಟಿ ಎಂದೇ ಹೆಸರು. ಅದು ನಮ್ಮ ದೇಶದ್ದಲ್ಲ. ಪ್ಯಾರಿಸ್ಸಿನ ಅಲೆಕ್ಸಾಂದ್ರ್ ದೆಬೆನ್ ಎಂಬಾತ 1842ರಲ್ಲಿ ಅದಕ್ಕೆ ಪೇಟೆಂಟು ಪಡೆದ. ಆಗ ಅದು ಮೇಜಿನಷ್ಟು ದೊಡ್ಡದು. ಕುರ್ಚಿಯ ಮೇಲೆ ಕೂತು ಕಾಲಿನಿಂದ ಗಾಳಿ ಹಾಕುತ್ತ ಎರಡೂ ಕೈಯಿಂದ ನುಡಿಸಬೇಕು. ನಾಟಕ ಕಂಪನಿಗಳು ಹೊತ್ತು ತಿರುಗಿದ ಕಾಲುಪೇಟಿ ಇದರ ಬಳಗದ್ದೇ. ಶಾಂತಕವಿಗಳು 1870ರ ದಶಕದಲ್ಲಿ ನಾಟಕ ಮಂಡಳಿ ಕಟ್ಟಿದ ಊರು ನಮ್ಮ ಗದಗ. ಶಿರಹಟ್ಟಿ ವೆಂಕೋಬರಾಯರು ತಮ್ಮ ಕಂಪನಿಯಿಂದ ತಮ್ಮ ಊರಿನ ಹೆಸರನ್ನು ನಾಡಿನ ತುಂಬ ಒಯ್ದರು. ಅಂಥ ಕಂಪನಿಗಳ ಊರಿನವರಿಗೆ ಪೇಟಿಯ ದನಿ ಹೊಸದಲ್ಲ.

ಆದರೆ ನೆಲದ ಮೇಲೆ ಚಾಪೆ ಹಾಸಿ ಕೂಡುವ ನಮ್ಮ ಮನೆಗಳಿಗೆ ಕಾಲುಪೇಟಿ ಒಗ್ಗುವಂಥದ್ದಲ್ಲ. ಕಲಕತ್ತೆಯ ದ್ವಾರಕಾನಾಥ ಘೋಷರು 1880ರ ದಶಕದಲ್ಲಿ ಅದನ್ನು ಬಿಚ್ಚಿ ನಮಗೆ ಬೇಕಾದಂತೆ ಕಟ್ಟಿದರು. ಅವರ ವಿಚಾರ ಬಹಳ ಸರಳ. ನಮ್ಮ ಸಂಗೀತದಲ್ಲಿ ಒಂದೇ ಎಳೆಯ ರಾಗ ನಡೆಯುವುದರಿಂದ ನುಡಿಸಲು ಒಂದು ಕೈ ಸಾಕು. ಹಾಗಾದರೆ ಇನ್ನೊಂದು ಕೈ ಗಾಳಿ ಹಾಕಲಿ, ಕಾಲಿನ ಕೆಲಸವೇ ಬೇಡ. ಗಾಳಿಯ ತಿದಿ ಬೆನ್ನ ಹಿಂದೆ ಬಂತು, ಕಾಲುಗಳು ಹೋದವು, ಪೇಟಿ ಕಂಕುಳಲ್ಲಿ ಹಿಡಿದೊಯ್ಯುವಷ್ಟು ಚಿಕ್ಕದಾಯಿತು. ಬಳಸುವವರು ಹೇಗೆ ಕೂಡುತ್ತಾರೆ, ಏನು ಹಾಡುತ್ತಾರೆ ಎಂದು ನೋಡಿ ಯಂತ್ರವನ್ನು ಬದಲಿಸಿದ ಈ ಜಾಣತನವನ್ನು ಇಂದಿನ ಎಂಜಿನಿಯರಿಂಗ್ ಮಕ್ಕಳೂ ಓದಬೇಕು.

ಗದಗಿನಲ್ಲಿ ಪೇಟಿಗೆ ಮರ್ಯಾದೆ ಬಂದದ್ದು ವೀರೇಶ್ವರ ಪುಣ್ಯಾಶ್ರಮದಿಂದ. ಕಣ್ಣಿಲ್ಲದ ಪಂಚಾಕ್ಷರಿ ಗವಾಯಿಗಳು (1892–1944) ಕಣ್ಣಿಲ್ಲದ ಮಕ್ಕಳಿಗೆ ಅನ್ನ, ಆಶ್ರಯ, ಸಂಗೀತ ಮೂರನ್ನೂ ಕೊಟ್ಟರು. ಅವರ ಶಿಷ್ಯ ಪುಟ್ಟರಾಜ ಗವಾಯಿಗಳು (1914–2010) ಹಲವು ವಾದ್ಯಗಳಲ್ಲಿ ಪಳಗಿದವರು. ಬೆರಳಿಗೆ ಸ್ವರದ ಜಾಗ ಗೊತ್ತಾಗಿಬಿಟ್ಟರೆ ಪೇಟಿಗೆ ಕಣ್ಣು ಬೇಡ. ಆಶ್ರಮದಲ್ಲಿ ಕಲಿತವರು ಊರೂರಿನ ಪುರಾಣ, ಕೀರ್ತನ, ಭಜನೆಗಳಿಗೆ ಹೋಗಿ ಕೂತರು. ಒಂದು ಕಡೆ ಹೀಗಿದ್ದರೆ, ಇನ್ನೊಂದು ಕಡೆ ಆಕಾಶವಾಣಿ 1940ರಲ್ಲಿ ಪೇಟಿಗೆ ನಿಷೇಧ ಹಾಕಿತು. ನಮ್ಮ ರಾಗದ ಜಾರು, ಸೂಕ್ಷ್ಮ ಶ್ರುತಿಗಳು ಅದರಲ್ಲಿ ಬರುವುದಿಲ್ಲ ಎಂಬುದು ದೊಡ್ಡವರ ಆಕ್ಷೇಪ. ಅದು ಸಡಿಲಾದದ್ದು 1971ರಲ್ಲಿ. 1950ರಲ್ಲಿ ಧಾರವಾಡ ಆಕಾಶವಾಣಿ ಆರಂಭವಾದಾಗಲೂ ಪೇಟಿಗೆ ಬಹಿಷ್ಕಾರವೇ ಇತ್ತು. ಈ ಮೂವತ್ತು ವರ್ಷ ನಮ್ಮ ಮಠ, ಗುಡಿ, ಮನೆಗಳಲ್ಲಿ ಪೇಟಿ ಒಂದು ದಿನವೂ ನಿಲ್ಲಲಿಲ್ಲ.

ಹೆಂಗಸರಿಗೆ ಅದರಿಂದ ಏನಾಯಿತು? ಸಂಗೀತದ ಮನೆತನಗಳನ್ನು ಬಿಟ್ಟರೆ, ಪೇಟಿ ಬಾರಿಸುವ ಕೈ ಬಹುಮಟ್ಟಿಗೆ ಗಂಡಸಿನದೇ ಆಗಿತ್ತು. ಅವನು ಬಂದರೆ ಹಾಡು, ಬರದಿದ್ದರೆ ಇಲ್ಲ. ಮನೆಯ ಹೆಣ್ಣುಮಗಳು ಪರಗಂಡಸಿನ ಸಾಥಿಗೆ ಕೂತು ಹಾಡುವುದು ಆ ಕಾಲಕ್ಕೆ ಸರಿ ಕಾಣುತ್ತಿರಲಿಲ್ಲ.

ಗ್ರಾಮಫೋನು ಬಂದದ್ದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ. 1902ರಲ್ಲಿ ಕಲಕತ್ತೆಯಲ್ಲಿ ಮುದ್ರಣವಾದ ಗೋಹರ್ ಜಾನ್ ಅವರ ದನಿ ನಮ್ಮ ದೇಶದ ಮೊಟ್ಟಮೊದಲ ರೆಕಾರ್ಡುಗಳಲ್ಲಿ ಒಂದು. ಕೊನೆಯ ದಿನಗಳಲ್ಲಿ ಮೈಸೂರಿನ ಅರಸರ ಆಶ್ರಯದಲ್ಲಿದ್ದು 1930ರಲ್ಲಿ ಅಲ್ಲಿಯೇ ತೀರಿಕೊಂಡ ಆಕೆ, ಹಾಡಿನ ಕೊನೆಗೆ ತನ್ನ ಹೆಸರನ್ನು ತಾನೇ ಹೇಳುತ್ತಿದ್ದಳು. ನಮ್ಮ ಪಕ್ಕದ ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ಲರ ಮೊದಲ ರೆಕಾರ್ಡುಗಳ ಮೇಲೆ ‘ಗಾಂಧಾರಿ’ ಎಂಬ ಹೆಸರಿತ್ತು. ಗೌರವಸ್ತರ ಮನೆಯ ಹೆಣ್ಣುಮಕ್ಕಳು ಹಾಡಬಾರದೆಂದ ಸಮಾಜ ಈ ತಾಯಂದಿರ ದನಿಯನ್ನು ಮಾತ್ರ ಕಿವಿತುಂಬ ಕೇಳಿತು.

ಅದೇ ರೆಕಾರ್ಡು ಗದಗಿನಲ್ಲಿ ಇನ್ನೊಂದು ಕಥೆಗೂ ಕಾರಣವಾಯಿತು. ಭೀಮಸೇನ ಜೋಶಿಯವರು ಬಾಲಕನಾಗಿದ್ದಾಗ ಶಾಲೆಯಿಂದ ಬರುವ ದಾರಿಯಲ್ಲಿ ಅಂಗಡಿಯ ಗ್ರಾಮಫೋನಿನ ಮುಂದೆ ನಿಂತುಬಿಡುತ್ತಿದ್ದರು. ಅಬ್ದುಲ್ ಕರೀಂ ಖಾನರ ದನಿ ಕೇಳಿದ ಮೇಲೆ ಹಾಗೆ ಹಾಡಲೇಬೇಕೆಂಬ ಹಟ ಹತ್ತಿ, 1933ರಲ್ಲಿ, ಹನ್ನೊಂದನೆಯ ವಯಸ್ಸಿನಲ್ಲಿ, ಗುರುವನ್ನು ಹುಡುಕಿ ಮನೆ ಬಿಟ್ಟು ಹೋದರು. ನಾನು ಈ ಕಥೆಯನ್ನು ತರಗತಿಯಲ್ಲಿ ಹೇಳಿದಾಗ ಒಬ್ಬ ಹುಡುಗಿ ಕೇಳಿದಳು: “ಅಕ್ಕೋರ, ಆ ಹಾಡು ಹುಡುಗ್ಯಾರೂ ಕೇಳಿರಬೇಕಲ್ರೀ? ಅವ್ರು ಎಲ್ಲಿಗೆ ಹೋದ್ರು?” ಅವರು ಎಲ್ಲಿಗೂ ಹೋಗುವಂತಿರಲಿಲ್ಲ. ಬಾಗಿಲ ಹಿಂದೆ ನಿಂತು ಕೇಳಿ, ನೀರು ತರಲು ಹೋಗಿರಬೇಕು.

ರೇಡಿಯೊ, ಟ್ರಾನ್ಸಿಸ್ಟರು, 1980ರ ದಶಕದಲ್ಲಿ ಮನೆಮನೆಗೆ ಬಂದ ಟೂ ಇನ್ ಒನ್ ಇವೆಲ್ಲ ಇದೇ ದಾರಿಯವು. ಒಳ್ಳೆಯ ಹಾಡು ಕೇಳಿಸಿ ನಮ್ಮ ರುಚಿ ಬೆಳೆಸಿದವು, ನಿಜ. ಜೊತೆಗೆ ಇನ್ನೊಂದನ್ನೂ ಮಾಡಿದವು. ಪಿ. ಸುಶೀಲಾ, ಎಸ್. ಜಾನಕಿ, ಲತಾ ಅವರ ದನಿಯನ್ನು ಅಡುಗೆಮನೆಯಲ್ಲಿ ದಿನವೂ ಕೇಳಿದ ಮೇಲೆ ನಮ್ಮ ದನಿ ನಮಗೇ ದನಿಯೆನಿಸದಾಯಿತು. ಹಾಡು ಎಂದರೆ ಹಾಗಿರಬೇಕು, ಉಳಿದದ್ದು ಗುನುಗುವುದು. “ನನಗೆಲ್ಲಿ ಹಾಡಾಕ ಬರತೈತಿ” ಎಂಬ ಮಾತು ಗಟ್ಟಿಯಾದದ್ದು ಈ ಕಾಲದಲ್ಲೇ ಎಂದು ನನ್ನ ಎಣಿಕೆ.

ಮತ್ತೆ ಸಾಥ್ ಕೊಡುವ ಪೆಟ್ಟಿಗೆ ಹುಟ್ಟಿದ್ದು ನಮ್ಮ ನಾಡಿನಲ್ಲೇ, ಬೆಂಗಳೂರಿನಲ್ಲಿ. ಜಿ. ರಾಜ್ ನಾರಾಯಣ್ ಎಂಬ ಎಂಜಿನಿಯರು ಸ್ವತಃ ಕೊಳಲು ನುಡಿಸುವವರು. ಅವರು 1979ರಲ್ಲಿ ಎಲೆಕ್ಟ್ರಾನಿಕ್ ತಂಬೂರಿ ರೂಪಿಸಿದರು. ಅವರ ರೇಡೆಲ್ ಕಂಪನಿಯ ಪೆಟ್ಟಿಗೆಗಳು ಸಂಗೀತದ ಮನೆಗಳಿಗೆಲ್ಲ ತಲುಪಿದವು. ಇದರ ಬೆಲೆ ತಿಳಿಯಬೇಕಾದರೆ ನಿಜವಾದ ತಂಬೂರಿಯನ್ನು ನೆನೆಯಬೇಕು. ಲಕ್ಷ್ಮೇಶ್ವರ ಒಂದು ಕಾಲಕ್ಕೆ ಮಿರಜ ಸಂಸ್ಥಾನಕ್ಕೆ ಸೇರಿತ್ತು. ಆ ಮಿರಜಿನ ಕುಶಲಿಗಳು ಸೋರೆಬುರುಡೆಯಿಂದ ಮಾಡುವ ತಂಬೂರಿ ದೇಶಕ್ಕೇ ಹೆಸರಾದದ್ದು. ಆದರೆ ಅದು ಆಳೆತ್ತರದ ನಾಜೂಕು ವಸ್ತು. ಮುಂಡರಗಿಯ ಬಸ್ಸಿನಲ್ಲಿ ಒಯ್ದರೆ ಅದಕ್ಕೂ ಒಂದು ಸೀಟು ಬೇಕು. ಬಾರಿಸಲು ಪಕ್ಕದಲ್ಲಿ ಒಬ್ಬರು ಕೂಡಬೇಕು, ಗಾಳಿಯ ತೇವ ಬದಲಾದರೆ ತಂತಿ ಇಳಿಯುತ್ತದೆ. ಈ ಚಿಕ್ಕ ಪೆಟ್ಟಿಗೆಯಲ್ಲಿ ಗುಂಡಿ ತಿರುಗಿಸಿದರೆ ನಮ್ಮ ಕಂಠಕ್ಕೆ ಬೇಕಾದ ಶ್ರುತಿ ಹಿಡಿಯುತ್ತದೆ. ಗಂಡ ಕೆಲಸಕ್ಕೆ, ಮಕ್ಕಳು ಶಾಲೆಗೆ ಹೋದ ಮೇಲೆ ಅನ್ನಕ್ಕಿಟ್ಟು ಅರ್ಧ ತಾಸು ಸಾಧನೆ ಮಾಡುವ ಗೃಹಿಣಿಗೆ ಅದು ಯಾರ ಹಂಗೂ ಇಲ್ಲದ ಸಾಥ್ ಆಯಿತು. ಬೀಸುವ ಕಲ್ಲಿನ ಗುಂಗು ಬೇರೆ ರೂಪದಲ್ಲಿ ತಿರುಗಿ ಬಂದಂತೆ ನನಗೆ ಕಾಣುತ್ತದೆ.

ಕರೋಕೆ ಹುಟ್ಟಿದ್ದು ಜಪಾನಿನಲ್ಲಿ. ಆ ಭಾಷೆಯಲ್ಲಿ ‘ಕರ’ ಎಂದರೆ ಖಾಲಿ, ‘ಓಕೆ’ ಎಂಬುದು ಆರ್ಕೆಸ್ಟ್ರಾದ ಮೊಟಕು. 1967ರಲ್ಲಿ ಟೋಕಿಯೊದ ಶಿಗೆಇಚಿ ನೆಗಿಶಿ ಎಂಬ ಕಾರ್ಖಾನೆಯ ಯಜಮಾನರು ತಮ್ಮ ಹಾಡನ್ನು ಕೆಲಸಗಾರನೊಬ್ಬ ಹಾಸ್ಯ ಮಾಡಿದ್ದಕ್ಕೆ, ವಾದ್ಯದ ಟೇಪಿನ ಜೊತೆ ಮೈಕಿನ ದನಿ ಕೂಡಿಸುವ ಯಂತ್ರ ಮಾಡಿಸಿದರು. ಅದನ್ನು ಮನೆಗೆ ಒಯ್ದು ಹೆಂಡತಿ ಮಕ್ಕಳಿಂದಲೂ ಹಾಡಿಸಿದರಂತೆ. 1971ರಲ್ಲಿ ಕೋಬೆ ನಗರದ ದೈಸುಕೆ ಇನೊವೆ ಎಂಬ ವಾದ್ಯಗಾರ ಬೇರೆ ದಾರಿಯಿಂದ ಅಲ್ಲಿಗೇ ಬಂದ. ಅವನ ಸಾಥಿನಲ್ಲಿ ಹಾಡುತ್ತಿದ್ದ ವ್ಯಾಪಾರಿಯೊಬ್ಬ ಪ್ರವಾಸಕ್ಕೆ ಕರೆದಾಗ, ಬರಲಾಗದ ಇನೊವೆ ಆತನ ಕಂಠಕ್ಕೆ ಹೊಂದುವಂತೆ ವಾದ್ಯ ನುಡಿಸಿ ಟೇಪು ಮಾಡಿ ಕೊಟ್ಟ. ಆಮೇಲೆ ಕಾರಿನ ಟೇಪ್ ರೆಕಾರ್ಡರು, ನಾಣ್ಯದ ಡಬ್ಬಿ, ಮೈಕುಗಳನ್ನು ಒಂದು ಪೆಟ್ಟಿಗೆಯಲ್ಲಿ ಕೂಡಿಸಿ 11 ಯಂತ್ರ ಕಟ್ಟಿ ಬಾಡಿಗೆಗೆ ಬಿಟ್ಟ. ಪೇಟೆಂಟು ಮಾಡಿಸಲಿಲ್ಲ, ಹೀಗಾಗಿ ಜಗತ್ತೆಲ್ಲ ಹಾಡಿದರೂ ಹಣ ಅವನ ಕೈ ಸೇರಲಿಲ್ಲ.

ಈ ಕಥೆಯಲ್ಲಿ ನಮಗೆ ಬೇಕಾದ ಮಾತು ಒಂದಿದೆ. ಮೊದಲ ಟೇಪು ಹಾಡುವವನ ಕಂಠಕ್ಕೆ ತಕ್ಕಂತೆ ತಯಾರಾಗಿತ್ತು. ಇಂದು ಪೇಟೆಯಲ್ಲಿ ಸಿಗುವ ಟ್ರ್ಯಾಕುಗಳು ಮೂಲ ಗಾಯಕರ ಶ್ರುತಿಯಲ್ಲಿರುತ್ತವೆ. ಸಾಮಾನ್ಯವಾಗಿ ಗಂಡಸರ ಕಂಠಕ್ಕೆ ಪೇಟಿಯ ಕರಿ ಒಂದು, ಬಿಳಿ ಎರಡು ಹೊಂದಿದರೆ, ಹೆಂಗಸರದು ಕರಿ ನಾಲ್ಕು, ಕರಿ ಐದರ ಸುತ್ತ ಇರುತ್ತದೆ. ಗಂಡಸಿನ ಹಾಡಿಗೆ ಹೆಂಗಸು ದನಿಗೂಡಿಸಲು ಹೋದರೆ ಕೆಳಗಿನ ಸ್ವರ ಕೇಳಿಸುವುದೇ ಇಲ್ಲ. ಸಿನಿಮಾ ಗಾಯಕಿಯರ ಎತ್ತರದ ಹಾಡಿಗೆ ಹೋದರೆ ಐವತ್ತು ದಾಟಿದ ಕಂಠ ಬಿರಿಯುತ್ತದೆ. ಇಬ್ಬರ ನಡುವೆ ಸಿಕ್ಕವಳು “ನನ್ನ ದನಿಯೇ ಸರಿ ಇಲ್ಲ” ಎಂದುಕೊಂಡು ಮೈಕು ಕೊಟ್ಟುಬಿಡುತ್ತಾಳೆ. ತೊಡಕು ಅವಳ ದನಿಯಲ್ಲಿಲ್ಲ, ಟ್ರ್ಯಾಕಿನ ಶ್ರುತಿಯಲ್ಲಿದೆ. ಹಾಡಿನ ವೇಗ ಬದಲಾಗದಂತೆ ಶ್ರುತಿಯನ್ನಷ್ಟೇ ಏರಿಸಿ ಇಳಿಸುವ ಸೌಲಭ್ಯ ಇಂದು ಮೊಬೈಲಿನಲ್ಲೇ ಇದೆ. ಕಳೆದ ವರ್ಷ ನಮ್ಮ ಶಾಲೆಯ ಗೆಳತಿಯೊಬ್ಬರಿಗೆ ಮೂರು ಮನೆ ಇಳಿಸಿ ಕೊಟ್ಟಾಗ ಅವರು ಇಡೀ ಹಾಡು ಮುಗಿಸಿ, “ಇಷ್ಟ ದಿನ ಯಾಕ ಸುಮ್ಮನಿದ್ದೆನ್ರೀ ನಾನು?” ಎಂದು ನನ್ನನ್ನೇ ಕೇಳಿದರು.

ಪೆಟ್ಟಿಗೆ ಕೊಳ್ಳುವ ಅಕ್ಕತಂಗಿಯರಿಗೆ ಇನ್ನೆರಡು ಮಾತು. ಮೈಕನ್ನು ಸ್ಪೀಕರಿನ ಎದುರಿಗೆ ಹಿಡಿಯಬೇಡಿ. ಸ್ಪೀಕರಿನ ದನಿಯೇ ಮತ್ತೆ ಮೈಕಿನೊಳಗೆ ಹೊಕ್ಕು ಸುತ್ತು ಬಿದ್ದಾಗ ಆ ಕಿರುಚು ಬರುತ್ತದೆ. ಪೆಟ್ಟಿಗೆಯ ಹಿಂದೆ ನಿಂತು ಹಾಡಿರಿ. ಎಕೋ ಎಂಬ ಪ್ರತಿಧ್ವನಿಯ ಗುಂಡಿಯನ್ನು ಬಹಳ ತಿರುಗಿಸಬೇಡಿ. ಅದು ತಪ್ಪನ್ನು ಮುಚ್ಚುತ್ತದೆ, ಜೊತೆಗೆ ಮಾತನ್ನೂ ಮುಚ್ಚುತ್ತದೆ.

ಕರೋಕೆಯ ಕೊರತೆಯನ್ನೂ ಹೇಳಬೇಕು. ಪೇಟಿಯವನು ಹಾಡುವವಳ ಮುಖ ನೋಡಿ ತಡೆಯುತ್ತಿದ್ದ, ಕಲ್ಲು ತೋಳಿನ ಮಾತು ಕೇಳುತ್ತಿತ್ತು. ಈ ಪೆಟ್ಟಿಗೆ ಯಾರಿಗೂ ಕಾಯುವುದಿಲ್ಲ. ಇನ್ನೊಂದು, ಅದರಲ್ಲಿ ಇರುವುದು ಪೇಟೆಯ ಹಾಡು ಮಾತ್ರ. ಶಿರಹಟ್ಟಿ, ಮುಂಡರಗಿಯ ಕಡೆ ಎಂಬತ್ತು ದಾಟಿದ ಅಜ್ಜಿಯರ ಬಾಯಲ್ಲಿ ಇಂದಿಗೂ ಬೀಸುವ ಪದ, ಸೋಬಾನೆ ಪದಗಳಿವೆ. ಅವುಗಳಿಗೆ ಯಾರೂ ಟ್ರ್ಯಾಕು ಮಾಡಿಲ್ಲ, ಅವುಗಳಿಗೆ ಅದು ಬೇಕಾಗಿಯೂ ಇಲ್ಲ. ಈ ದೀಪಾವಳಿಯ ರಜೆಗೆ ನಮ್ಮ ಹುಡುಗಿಯರಿಗೆ ಒಂದು ಕೆಲಸ ಕೊಟ್ಟಿದ್ದೇನೆ. ಮೊಬೈಲಿನಲ್ಲಿ ತಂಬೂರಿಯ ಶ್ರುತಿ ಹಚ್ಚಿ ಅಜ್ಜಿಯ ಪಕ್ಕದಲ್ಲಿ ಕೂಡಬೇಕು, ಅಜ್ಜಿಯ ದನಿಗೆ ಹೊಂದುವವರೆಗೆ ಅದನ್ನು ತಿರುಗಿಸಬೇಕು, ಒಂದು ಪದವನ್ನಾದರೂ ತುಂಬಿಕೊಳ್ಳಬೇಕು, ಆಮೇಲೆ ಅದನ್ನು ತಾವೂ ಕಲಿತು ತರಗತಿಯಲ್ಲಿ ಹಾಡಬೇಕು. ಮೂವತ್ತೆರಡು ಹುಡುಗಿಯರಲ್ಲಿ ಇಪ್ಪತ್ತಾರು ಮಂದಿ ಹೆಸರು ಕೊಟ್ಟಿದ್ದಾರೆ. ಉಳಿದ ಆರು ಮಂದಿಯ ಅಜ್ಜಿಯರು ಈಗಿಲ್ಲ. ಅವರಿಗೆ ಓಣಿಯ ಬೇರೆ ಅಜ್ಜಿಯರನ್ನು ಹಂಚಿ ಕೊಟ್ಟಿದ್ದೇನೆ.