ಮರದ ಬೀರುವೂ ಅದರ ಬಣ್ಣವೂ

ನಮ್ಮ ಮನೆಗಳಲ್ಲಿ ಮರದ ಬೀರು ಬರಿಯ ಸಾಮಾನಲ್ಲ. ಹಿರಿಯರ ಜಾತಕ, ಜಮೀನಿನ ಪತ್ರ, ಮದುವೆಯ ಸೀರೆ, ಮಕ್ಕಳು ಓದಿ ಮುಗಿಸಿದ ಕನ್ನಡ ಪಾಠಪುಸ್ತಕ ಇವೆಲ್ಲವನ್ನೂ ಅದರ ವಶಕ್ಕೆ ಒಪ್ಪಿಸಿ ನಾವು ನಿಶ್ಚಿಂತರಾಗಿರುತ್ತೇವೆ. ಆದರೆ ಸುಮಾರು ಆರು ಸಾವಿರ ಅಡಿ ಎತ್ತರದ ಈ ವೆಲ್ಲಿಂಗ್ಟನ್ನಿನಲ್ಲಿ ಮಂಜು ಯಾರನ್ನೂ ಕೇಳದೆ ಮನೆಯೊಳಗೆ ಬರುತ್ತದೆ; ಬೀರುವಿನ ಬಾಗಿಲನ್ನು ಉಬ್ಬಿಸುತ್ತದೆ, ಬೆನ್ನಹಲಗೆಗೆ ಬೂಷ್ಟು ಹಿಡಿಸುತ್ತದೆ, ಪುಸ್ತಕದ ರಟ್ಟನ್ನು ಮೆತ್ತಗಾಗಿಸುತ್ತದೆ. ಇದಕ್ಕೆ ಅಡ್ಡವಾಗಿ ನಿಲ್ಲುವುದು ಕೂದಲೆಳೆಯಷ್ಟು ತೆಳುವಾದ ಬಣ್ಣದ ಪೊರೆಯೊಂದೇ. ಆ ಪೊರೆಯ ಇತಿಹಾಸವನ್ನು ವಾಚಕರ ಮುಂದೆ ಸಂಕ್ಷೇಪವಾಗಿ ಇಡುವುದು ಈ ಲೇಖನದ ಉದ್ದೇಶ. ಆ ಇತಿಹಾಸದ ಒಂದು ಮುಖ್ಯ ಅಧ್ಯಾಯ ನಮ್ಮ ಕನ್ನಡನಾಡಿನಲ್ಲಿಯೇ ನಡೆಯಿತೆಂಬುದು ಸಂತೋಷದ ಸಂಗತಿ.

ಈ ಊರಿನ ಹಳೆಯ ಹೆಸರು ಜಕ್ಕತಲೆ. ಅದು ಕನ್ನಡಕ್ಕೆ ಅತಿ ಸಮೀಪದ ನುಡಿಯನ್ನಾಡುವ ಬಡಗರ ಹಳ್ಳಿಯ ಹೆಸರು. 1852ರಲ್ಲಿ ಇಲ್ಲಿ ಆಂಗ್ಲ ಸೈನಿಕರ ವಸತಿಗಳ ನಿರ್ಮಾಣ ಆರಂಭವಾಯಿತು. 1860ರಲ್ಲಿ ಮದರಾಸಿನ ಗವರ್ನರ್ ಸರ್ ಚಾರ್ಲ್ಸ್ ಟ್ರೆವೆಲಿಯನ್ ಅವರ ಕಾಲದಲ್ಲಿ ದಂಡಿನ ಊರಿಗೆ ವೆಲ್ಲಿಂಗ್ಟನ್ ಎಂದು ಹೆಸರಾಯಿತು. ದಂಡಿನೊಡನೆ ಬಂಗಲೆಗಳು ಬಂದವು. ಬಂಗಲೆಗಳೊಡನೆ ಬಾಗಿಲಿರುವ ಎತ್ತರದ ಬೀರುಗಳೂ ಬಂದವು. ನಮ್ಮ ಹಿರಿಯರ ಮನೆಗಳಲ್ಲಿದ್ದುದು ಗೋಡೆಯ ಗೂಡು, ಅಟ್ಟ ಮತ್ತು ಮರದ ಪೆಟ್ಟಿಗೆ. 'ಅಲಮಾರು' ಎಂಬ ಮಾತು ಪೋರ್ಚುಗೀಸರಿಂದ ಬಂದದ್ದು. 'ಬೀರು' ಎಂಬುದು 'ಬ್ಯೂರೋ' ಎಂಬ ಪರದೇಶದ ಮಾತಿನ ರೂಪಾಂತರ. ವಸ್ತುವೂ ಹೆಸರೂ ಹೊರಗಿನಿಂದ ಬಂದವೆಂಬುದು ನಿಜ. ಆದರೆ ಮರಕ್ಕೆ ಹೊಳಪನ್ನೂ ಬಾಳಿಕೆಯನ್ನೂ ಕೊಡುವ ವಿದ್ಯೆಯನ್ನು ನಾವು ಪರರಿಂದ ಕಲಿಯಬೇಕಾಗಿರಲಿಲ್ಲ.

ಆ ವಿದ್ಯೆಯ ಮೂಲದ್ರವ್ಯ ಅರಗು. ಮರಗಳ ಎಳೆಯ ಕೊಂಬೆಗಳ ಮೇಲೆ ಗುಂಪುಗೂಡಿ ರಸ ಹೀರುವ ಸಣ್ಣ ಕೀಟವೊಂದು ತನ್ನ ರಕ್ಷಣೆಗಾಗಿ ಸ್ರವಿಸುವ ಅಂಟೇ ಅರಗು. ಮೈಸೂರು ಸೀಮೆಯಲ್ಲಿ ಜಾಲಾರಿ ಮರ ಈ ಕೀಟಕ್ಕೆ ಆಶ್ರಯವಾಗಿತ್ತು. ಚನ್ನಪಟ್ಟಣದ ಕುಶಲಿಗಳು ಆಲೆ ಮರದ ತುಂಡನ್ನು ಕಡಚಲು ಯಂತ್ರದಲ್ಲಿ ತಿರುಗಿಸುತ್ತ, ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತಿ ಹಿಡಿಯುತ್ತಾರೆ. ಉಜ್ಜಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಅಂಟುತ್ತದೆ. ಬಳಿಕ ಎಲೆಯಿಂದ ತಿಕ್ಕಿದಾಗ ಕನ್ನಡಿಯಂತಹ ಹೊಳಪು ಬರುತ್ತದೆ. ಇಲ್ಲಿ ಕುಂಚವೂ ಇಲ್ಲ, ಒಣಗುವ ತನಕ ಕಾಯುವ ಕೆಲಸವೂ ಇಲ್ಲ. ಕೊಪ್ಪಳದ ಸಮೀಪದ ಕಿನ್ನಾಳದ ಚಿತ್ರಗಾರರ ಪದ್ಧತಿ ಬೇರೆ. ಅವರು ಮರದ ಸಂದುಗಳನ್ನು ಮುಚ್ಚಿ, ಹುಣಸೆಬೀಜದ ಅಂಟು ಸೇರಿದ ಲೇಪದಿಂದ ಮೈಯನ್ನು ನಯಗೊಳಿಸಿದ ಮೇಲಲ್ಲದೆ ಬಣ್ಣವನ್ನು ಮುಟ್ಟುವುದಿಲ್ಲ. ತಳವನ್ನು ಸಿದ್ಧಗೊಳಿಸದೆ ಬಣ್ಣ ನಿಲ್ಲದೆಂಬ ತತ್ತ್ವ ಅವರ ಕೆಲಸದಲ್ಲಿಯೇ ಇದೆ.

ಆದರೆ ಬೀರುವಿನ ಹಲಗೆ ಚಪ್ಪಟೆಯಾದುದು; ಅದನ್ನು ಕಡಚಲಿಗೆ ಹಾಕಲಾಗದು. ಆದುದರಿಂದ ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ, ಬಟ್ಟೆಯ ಉಂಡೆಯಿಂದ ಪದರಪದರವಾಗಿ ಉಜ್ಜುವ ಪಾಲಿಷ್ ರೂಢಿಗೆ ಬಂತು. ಬೀಟೆ, ತೇಗಗಳ ಎಳೆಗಳು ಅದರ ಕೆಳಗೆ ಮೈದೆರೆದು ಶೋಭಿಸುತ್ತವೆ. ಆದರೆ ತೇವ ಕುಳಿತರೆ ಅದು ಬೆಳ್ಳಗಾಗುತ್ತದೆ. ಬಿಸಿ ಲೋಟವಿಟ್ಟರೆ ಉಂಗುರದ ಕಲೆ ಮೂಡುತ್ತದೆ. ಬಯಲುಸೀಮೆಯ ಒಣಹವೆಯಲ್ಲಿ ಹತ್ತಾರು ವರ್ಷ ಬಾಳುವ ಪಾಲಿಷ್ ನಮ್ಮ ಮಳೆಗಾಲಗಳಲ್ಲಿ ಬೇಗನೆ ಮಂಕಾಗುವುದಕ್ಕೆ ಕಾರಣವಿದೇ.

ಎಣ್ಣೆಬಣ್ಣದ ಗುಣ ಬೇರೆ. ಅಗಸೆಯ ಎಣ್ಣೆ ನೀರಿನಂತೆ ಆವಿಯಾಗಿ ಒಣಗುವುದಿಲ್ಲ. ಗಾಳಿಯಲ್ಲಿನ ಆಮ್ಲಜನಕವನ್ನು ಹೀರಿಕೊಂಡು, ಕಣಕ್ಕೆ ಕಣ ಹೆಣೆದುಕೊಂಡು ಪೊರೆಯಾಗುತ್ತದೆ. ಒಮ್ಮೆ ಹೀಗೆ ಗಟ್ಟಿಯಾದುದು ಮತ್ತೆ ಕರಗುವುದಿಲ್ಲ. ಈ ಬಣ್ಣವು ಬಹುಕಾಲ ಸಮುದ್ರದಾಚೆಯಿಂದಲೇ ಬರುತ್ತಿತ್ತು. 1902ರಲ್ಲಿ ಕಲ್ಕತ್ತೆಯ ಬಳಿಯ ಹೌರಾದಲ್ಲಿ ಶಾಲಿಮಾರ್ ಕಾರ್ಖಾನೆ ಸ್ಥಾಪಿತವಾದಂದಿನಿಂದ ದೇಶದಲ್ಲಿಯೇ ದೊಡ್ಡ ಪ್ರಮಾಣದ ತಯಾರಿಕೆ ಮೊದಲಾಯಿತು.

1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ, ಸರ್ ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದ ಕಾಲದಲ್ಲಿ, ಮೈಸೂರು ನಗರದಲ್ಲಿ 'ಮೈಸೂರು ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್' ಆರಂಭವಾಯಿತು. ನಾಡಿನ ಕಾಡುಗಳಲ್ಲಿ ದೊರೆಯುತ್ತಿದ್ದ ಅರಗನ್ನು ಅಲ್ಲಿನ ಜನರ ಕೈಗೆಲಸವಾಗಿಸುವುದು ಅದರ ಹಂಬಲ. ಹೆಸರಿನಲ್ಲಿಯೇ ಹಳೆಯ ಅರಗೂ ಹೊಸ ಬಣ್ಣವೂ ಜೊತೆಗೂಡಿದ್ದುವೆಂಬುದನ್ನು ಗಮನಿಸಬೇಕು. 1947ರಲ್ಲಿ ಅದು ಸರ್ಕಾರದ ಉದ್ಯಮವಾಯಿತು. 1989ರಲ್ಲಿ 'ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್' ಎಂಬ ಹೆಸರನ್ನು ತಳೆಯಿತು. 1962ರ ಮಹಾಚುನಾವಣೆಯಿಂದ ಮತದಾರರ ಬೆರಳಿಗೆ ಹಚ್ಚುವ ಅಳಿಸದ ಶಾಯಿಯನ್ನು ತಯಾರಿಸುತ್ತಿರುವುದೂ ಇದೇ ಕಾರ್ಖಾನೆ. ತಮಿಳುನಾಡಿನ ಮತಗಟ್ಟೆಯಲ್ಲಿ ಮತ ನೀಡಿ ಹೊರಬರುವ ನಮ್ಮ ಬೆರಳಿನ ಮೇಲೆಯೂ ಮೈಸೂರಿನ ಗುರುತೇ ಇರುತ್ತದೆ. ಆ ಶಾಯಿಯಲ್ಲಿರುವ ಸಿಲ್ವರ್ ನೈಟ್ರೇಟ್ ಚರ್ಮದೊಡನೆ ಕೂಡಿಕೊಂಡು, ಬೆಳಕಿಗೆ ಕಪ್ಪಾಗಿ ನಿಲ್ಲುತ್ತದೆ. ಮೇಲೆ ಕುಳಿತದ್ದು ಉದುರುತ್ತದೆ, ಒಳಹೊಕ್ಕು ಬೆರೆತದ್ದು ಉಳಿಯುತ್ತದೆ. ಮರದ ಬಣ್ಣಕ್ಕೂ ಈ ನಿಯಮವೇ ಅನ್ವಯಿಸುತ್ತದೆ.

ಇಪ್ಪತ್ತನೆಯ ಶತಮಾನದಲ್ಲಿ ಎಣ್ಣೆಗೆ ಕೃತಕ ರಾಳ ಸೇರಿ, ಬೇಗ ಒಣಗುವ ಎನಾಮೆಲ್ ಪ್ರಚಾರಕ್ಕೆ ಬಂತು. ಮೈಸೂರಿನ ಕಾರ್ಖಾನೆ ಹುಟ್ಟಿದ 1937ರಲ್ಲಿಯೇ ಜರ್ಮನಿಯಲ್ಲಿ ಒಟ್ಟೊ ಬೇಯರ್ ಎಂಬ ವಿಜ್ಞಾನಿ ಪಾಲಿಯುರಿಥೇನ್ ಎಂಬ ದ್ರವ್ಯವನ್ನು ಕಂಡುಹಿಡಿದರು. ಇಂದು 'ಪಿ.ಯು.' ಎಂದು ಮಾರಾಟವಾಗುವ ಲೇಪನ ಅದರ ಸಂತತಿ. ಗೀರು, ನೀರು, ಬಿಸಿಗಳನ್ನು ಅದು ಎನಾಮೆಲ್ಲಿಗಿಂತ ಚೆನ್ನಾಗಿ ತಡೆಯುತ್ತದೆ. ಆದರೆ ಅದರ ಗಟ್ಟಿಕಾರಕ ತೇವವನ್ನು ಸಹಿಸದು. ಒದ್ದೆ ಮರದ ಮೇಲೆ ಹಚ್ಚಿದರೆ ಗುಳ್ಳೆಯೇಳುತ್ತದೆ. ಹಚ್ಚುವವರು ಮುಖಕ್ಕೆ ರಕ್ಷಣೆಯಿಟ್ಟು, ಕಿಟಕಿಗಳನ್ನು ತೆರೆದಿರಬೇಕು.

ಇಷ್ಟನ್ನೆಲ್ಲ ನಾವು ಅರಿತದ್ದು ಒಂದು ನಷ್ಟವಾದ ಮೇಲೆ ಎಂಬುದನ್ನು ಮುಚ್ಚಿಡಲಾರೆವು. ಕೆಲವು ವರ್ಷಗಳ ಹಿಂದೆ ರಾಜ್ಯೋತ್ಸವಕ್ಕೆ ಮುನ್ನ ನಮ್ಮ ಸಂಘದ ಪುಸ್ತಕದ ಬೀರುವಿಗೆ ಹೊಸ ಎನಾಮೆಲ್ ಬಳಿಸಿದೆವು. ನವೆಂಬರ್ ಒಂದನೆಯ ತಾರೀಖಿಗೆ ಬೀರು ಹೊಳೆಯಬೇಕೆಂಬ ಆತುರ ನಮ್ಮದು. ಬಣ್ಣ ಬಳಿದವನ ತಪ್ಪೇನೂ ಇರಲಿಲ್ಲ. ಹಿಂಗಾರಿನ ಮಳೆ ಈ ಕಡೆಗೆ ಅತ್ಯಧಿಕವಾಗಿ ಸುರಿಯುವುದು ಅಕ್ಟೋಬರ್, ನವೆಂಬರ್ ತಿಂಗಳುಗಳಲ್ಲಿಯೇ ಎಂಬುದನ್ನು ನಾವು ಮರೆತೆವು. ಕೈಗೆ ಅಂಟದಿದ್ದುದನ್ನು ಕಂಡು ಮೂರನೆಯ ದಿನವೇ ಪುಸ್ತಕಗಳನ್ನು ಜೋಡಿಸಿದೆವು. ಸಂಕ್ರಾಂತಿಯ ವೇಳೆಗೆ ಅವನ್ನು ತೆಗೆಯಹೋದಾಗ ಕೆಳಗಿನ ಅಂಚುಗಳು ಹಲಗೆಗೆ ಹಿಡಿದುಕೊಂಡಿದ್ದವು. ಎಳೆದಾಗ ರಟ್ಟುಗಳು ಹರಿದವು. ಅವುಗಳಲ್ಲಿ ಕೆಲವು ಮರುಮುದ್ರಣವಿಲ್ಲದ ಪುಸ್ತಕಗಳು. ಕನ್ನಡ ಪುಸ್ತಕದ ಅಂಗಡಿಗಾಗಿ ಬೆಟ್ಟವಿಳಿದು ಮೈಸೂರಿಗೇ ಹೋಗಬೇಕಾದ ನಮಗೆ ಅದು ಸಣ್ಣ ನಷ್ಟವಲ್ಲ.

ಆದುದರಿಂದ ಕೆಲವು ಮಾತುಗಳನ್ನು ಮನೆಮಂದಿಯ ಪ್ರಯೋಜನಕ್ಕಾಗಿ ಹೇಳುತ್ತೇವೆ. ಈ ಕೆಲಸಕ್ಕೆ ತಕ್ಕ ಕಾಲ ಜನವರಿಯ ಕೊನೆಯಿಂದ ಮಾರ್ಚಿಯವರೆಗೆ. ಹೊತ್ತು, ಬಿಸಿಲೇರಿದ ಮೇಲಿನ ಮುಂಜಾನೆ. ಬಾಗಿಲುಗಳನ್ನು ಕಳಚಿ, ಜಿಡ್ಡನ್ನು ಸೋಪಿನ ನೀರಿನಿಂದ ತೊಳೆದು ಚೆನ್ನಾಗಿ ಆರಿಸಬೇಕು. ಮರದ ಎಳೆಯ ನೇರಕ್ಕೆ ಮರಳುಕಾಗದದಿಂದ ತಿಕ್ಕಿ, ಧೂಳನ್ನು ಒರೆಸಬೇಕು. ಸೈಪ್ರಸ್ ಮೊದಲಾದ ಮರಗಳ ಗಂಟುಗಳಿಂದ ಅಂಟು ಒಸರಿ ಬಣ್ಣವನ್ನು ಹಳದಿಯಾಗಿಸುತ್ತದೆ. ಅದನ್ನು ತಡೆಯಲು ಇಂದಿಗೂ ಅರಗಿನ ದ್ರಾವಣದ ಒಂದು ಲೇಪವೇ ಉತ್ತಮ. ಮೇಲ್ಮೈಯಲ್ಲಿ ಸೋತ ಅರಗು ತಳದಲ್ಲಿ ಗೆಲ್ಲುತ್ತದೆ. ಬಳಿಕ ಪ್ರೈಮರ್, ಅದರ ಮೇಲೆ ತೆಳುವಾದ ಎರಡು ಕೈ ಬಣ್ಣ. ದಪ್ಪನೆಯ ಒಂದು ಕೈಗೆ ಮೇಲೆ ತೊಗಲು ಕಟ್ಟಿ ಒಳಗೆ ಹಸಿ ಉಳಿಯುತ್ತದೆ. ಬೆನ್ನಹಲಗೆ, ತಳ, ಕೊಯ್ದ ತುದಿ ಯಾವುದನ್ನೂ ಬಿಡಬಾರದು. ಒಂದೇ ಮಗ್ಗುಲು ತೇವ ಹೀರಿದ ಹಲಗೆ ಬಾಗುತ್ತದೆ. ಪುಸ್ತಕವಿಡುವ ಹಲಗೆಗಳಿಗೆ ಎಣ್ಣೆಯ ಎನಾಮೆಲ್ ಬದಲು ಪಾಲಿಯುರಿಥೇನ್ ಲೇಪನವೇ ಲೇಸು. ಯಾವುದನ್ನೇ ಹಚ್ಚಲಿ, ತುಂಬುವ ಮುನ್ನ ಮೂರು ನಾಲ್ಕು ವಾರ ಬರಿದಾಗಿ ತೆರೆದಿಡಬೇಕು. ಮುಟ್ಟಿದರೆ ಅಂಟದಿರುವುದು ಬೇರೆ, ಪೂರ್ಣವಾಗಿ ಗಟ್ಟಿಯಾಗುವುದು ಬೇರೆ.

ಹಳೆಯ ಬೀರುಗಳ ವಿಷಯದಲ್ಲಿ ಇನ್ನೊಂದು ಎಚ್ಚರ ಅವಶ್ಯ. ಹಿಂದಿನ ಬಣ್ಣಗಳಲ್ಲಿ ಸೀಸವಿರುತ್ತಿತ್ತು. ಅದರ ಧೂಳು ಮಕ್ಕಳ ಬುದ್ಧಿಯ ಬೆಳವಣಿಗೆಗೆ ಹಾನಿಕರ. ಮನೆಬಳಕೆಯ ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗವನ್ನು ಮೀರಕೂಡದೆಂಬ ಕೇಂದ್ರಸರ್ಕಾರದ ನಿಯಮ ಜಾರಿಗೆ ಬಂದುದು 2017ರ ನವೆಂಬರ್ 1ರಂದು. ಅದಕ್ಕೆ ಹಿಂದಿನ ಬಣ್ಣವನ್ನು ಒಣದಾಗಿ ತಿಕ್ಕದೆ ನೀರು ಸೇರಿಸಿ ತಿಕ್ಕಬೇಕು, ಮಕ್ಕಳನ್ನು ದೂರವಿರಿಸಬೇಕು.

ನಮ್ಮ ಸಂಘದ ಬೀರುವಿಗೆ ಈಗ ಮರಳಿ ಬಣ್ಣವಾಗಿದೆ. ಫೆಬ್ರವರಿಯಲ್ಲಿ ಬಳಿದು ಯುಗಾದಿಯ ತನಕ ಬರಿದಾಗಿಯೇ ಇಟ್ಟೆವು. ಹರಿದ ಪುಸ್ತಕಗಳಿಗೆ ಹೊಸ ರಟ್ಟು ಕಟ್ಟಿಸಿ ಅದರಲ್ಲಿಯೇ ಇರಿಸಿದ್ದೇವೆ. ಎಳೆಯರು ಬಂದು ಬಾಗಿಲು ತೆರೆಯಲಿ. ಈಗ ಅದು ಬಿಗಿಯುವುದಿಲ್ಲ.