ರೀಸ್ ಡೇವಿಸ್ ಸಣ್ಣಕತೆ ಸ್ಪರ್ಧೆ

ವೇಲ್ಸ್‌ನ ಕತೆಗಾರ ರೀಸ್ ಡೇವಿಸ್ (1901–1978) ಅವರ ನೆನಪಿನಲ್ಲಿ ನಡೆಯುವ ಇಂಗ್ಲಿಷ್ ಸಣ್ಣಕತೆಗಳ ಸ್ಪರ್ಧೆ. ಆರಂಭವಾದದ್ದು 1991ರಲ್ಲಿ. ವೇಲ್ಸ್‌ನಲ್ಲಿ ಹುಟ್ಟಿದವರು ಅಥವಾ ಈಗ ಅಲ್ಲಿ ವಾಸವಾಗಿರುವವರು, 18 ವರ್ಷ ತುಂಬಿದ್ದರೆ, ಕತೆ ಕಳಿಸಬಹುದು. ಕತೆ ಬೇರೆಲ್ಲೂ ಅಚ್ಚಾಗಿರಬಾರದು. 5,000 ಪದಗಳ ಮಿತಿ ಮೀರಬಾರದು. ಆಗಲೇ ಪುಸ್ತಕ ತಂದವರನ್ನು ನಿಯಮಗಳು ಹೊರಗಿಟ್ಟಿಲ್ಲ. ಆದರೂ ಸ್ಪರ್ಧೆಗೆ ಹೆಸರು ಬಂದದ್ದು ಮುಖ್ಯವಾಗಿ ಅದು ಬೆಳಕಿಗೆ ತಂದ ಹೊಸಬರಿಂದ.

ರೀಸ್ ಡೇವಿಸ್ ಹುಟ್ಟಿದ್ದು ದಕ್ಷಿಣ ವೇಲ್ಸ್‌ನ ರೊಂದಾ ಕಣಿವೆಯಲ್ಲಿ, ಟಾನಿಪ್ಯಾಂಡಿ ಪಟ್ಟಣಕ್ಕೆ ಹತ್ತಿರದ ಬ್ಲೇನ್‌ಕ್ಲಿಡಾಕ್ ಎಂಬಲ್ಲಿ. ಸುತ್ತಮುತ್ತ ಕಲ್ಲಿದ್ದಲ ಗಣಿಗಳು. ತಂದೆಯದು ದಿನಸಿ ಅಂಗಡಿ. ಗಣಿ ಕಾರ್ಮಿಕರ ಮನೆಯವರೇ ಗಿರಾಕಿಗಳಾಗಿದ್ದರಿಂದ ಆ ಬದುಕಿನ ಬಡತನ, ಜಗಳ, ಚಾಡಿ, ಭಕ್ತಿಯೆಲ್ಲ ಹುಡುಗನ ಕಿವಿಗೆ ಬೀಳುತ್ತಿತ್ತು. 1910ರ ನವೆಂಬರ್‌ನಲ್ಲಿ ಟಾನಿಪ್ಯಾಂಡಿಯಲ್ಲಿ ಮುಷ್ಕರನಿರತ ಕಾರ್ಮಿಕರಿಗೂ ಪೊಲೀಸರಿಗೂ ಘರ್ಷಣೆ ನಡೆದಾಗ ಆತನಿಗೆ ಇನ್ನೇನು ಒಂಬತ್ತು ತುಂಬುವುದರಲ್ಲಿತ್ತು. ಹದಿನಾಲ್ಕಕ್ಕೆ ಶಾಲೆ ಬಿಟ್ಟ. ಇಪ್ಪತ್ತು ದಾಟುವಾಗ ಲಂಡನ್ನಿಗೆ ಹೋದ. 1927ರಲ್ಲಿ ಮೊದಲ ಕಾದಂಬರಿ ‘ದಿ ವಿದರ್ಡ್ ರೂಟ್’ ಹೊರಬಂತು. ಅಲ್ಲಿಂದ ಮುಂದೆ ಬಾಡಿಗೆ ಕೋಣೆಗಳಲ್ಲಿ ಇದ್ದುಕೊಂಡು, ಹೆಚ್ಚುಕಡಿಮೆ ಬರವಣಿಗೆಯನ್ನೇ ನಂಬಿ ಬದುಕಿದ. ನೂರಕ್ಕೂ ಹೆಚ್ಚು ಕತೆಗಳು, ಇಪ್ಪತ್ತರ ಆಸುಪಾಸು ಕಾದಂಬರಿಗಳು ಆತನ ಹೆಸರಿನಲ್ಲಿವೆ. ಕಾದಂಬರಿಕಾರನಿಗಿಂತ ಕತೆಗಾರನೇ ದೊಡ್ಡವನು. ಕತ್ತಲ ಹಾಸ್ಯ, ಗಂಡಸರಿಗೆ ಸೊಪ್ಪುಹಾಕದೆ ನಿಲ್ಲುವ ಹೆಂಗಸರು, ಸಾವಿನ ಮನೆಯಲ್ಲೂ ಇಣುಕುವ ಲೌಕಿಕದ ಲೆಕ್ಕಾಚಾರ ಇವೆಲ್ಲ ಕತೆಯ ಕಿರಿದಾದ ಜಾಗದಲ್ಲೇ ಹೆಚ್ಚು ಮೊನಚಾಗಿ ಬಂದಿವೆ. ಮನೆಯ ಒಡತಿಗೂ ಬಾಡಿಗೆದಾರನಿಗೂ ನಡೆಯುವ ತಕರಾರು ಕೊಲೆಯಲ್ಲಿ ಮುಗಿಯುವ ‘ದಿ ಚೋಸನ್ ಒನ್’ ಕತೆಗೆ 1967ರಲ್ಲಿ ಅಮೆರಿಕದ ಎಡ್ಗರ್ ಪ್ರಶಸ್ತಿ ಸಿಕ್ಕಿತು.

ಸ್ಪರ್ಧೆಯ ಬೆನ್ನಿಗಿರುವುದು ರೀಸ್ ಡೇವಿಸ್ ಟ್ರಸ್ಟ್. ಕತೆಗಾರನ ತಮ್ಮ ಲೂಯಿಸ್ ಡೇವಿಸ್ ಕೊಟ್ಟ ಹಣದಿಂದ, ವಿಮರ್ಶಕ ಹಾಗೂ ಸಂಪಾದಕ ಮೈಕ್ ಸ್ಟೀವನ್ಸ್ (1938–2018) ಅವರ ಓಡಾಟದಿಂದ 1990ರಲ್ಲಿ ಅದು ಹುಟ್ಟಿತು. ಮರುವರ್ಷವೇ ಮೊದಲ ಸ್ಪರ್ಧೆ. (ಪಾರ್ಥಿಯನ್ ಪ್ರಕಾಶನವನ್ನು ಕಟ್ಟಿದ ಲೇಖಕನ ಹೆಸರೂ ಲೂಯಿಸ್ ಡೇವಿಸ್, ಆತ ಬೇರೆ. ಆತನೂ ಈ ಸ್ಪರ್ಧೆಯಲ್ಲಿ ಗೆದ್ದವನಾದ್ದರಿಂದ ಓದುಗರು ಗಲಿಬಿಲಿಗೊಳ್ಳುವುದುಂಟು.)

ಇಂಥ ಸ್ಪರ್ಧೆಗೆ ವೇಲ್ಸ್‌ನಲ್ಲಿ ಏಕೆ ಜಾಗವಿತ್ತು ಎಂಬುದು ಅಲ್ಲಿನ ಭಾಷಾ ಪರಿಸ್ಥಿತಿಯಿಂದ ತಿಳಿಯುತ್ತದೆ. ಸಾಹಿತ್ಯದಲ್ಲಿ ಸ್ಪರ್ಧೆ ನಡೆಸುವುದು ಆ ನಾಡಿಗೆ ಹೊಸತಲ್ಲ. ಐಸ್ಟೆಡ್‌ಫಡ್ ಎಂಬ ಸಾಹಿತ್ಯ-ಸಂಗೀತ ಉತ್ಸವದಲ್ಲಿ ಕವಿಗಳೂ ಗದ್ಯ ಬರೆಯುವವರೂ ಗುಪ್ತನಾಮದಲ್ಲಿ ಕೃತಿ ಸಲ್ಲಿಸುತ್ತಾರೆ. ಗೆದ್ದ ಕವಿಗೆ ಸಾವಿರಾರು ಜನರ ಮುಂದೆ ಪೀಠವನ್ನೋ ಕಿರೀಟವನ್ನೋ ಕೊಡುತ್ತಾರೆ. ಆದರೆ 1950ರಿಂದ ರಾಷ್ಟ್ರೀಯ ಐಸ್ಟೆಡ್‌ಫಡ್ ಪೂರ್ತಿ ವೆಲ್ಷ್ ಭಾಷೆಯದೇ. ಆ ಭಾಷೆಯ ಉಳಿವಿಗೆ ಅದು ಬೇಕಾದ ಕ್ರಮವೇ ಸರಿ. ಆದರೆ ವೇಲ್ಸ್‌ನಲ್ಲಿದ್ದು ಇಂಗ್ಲಿಷಿನಲ್ಲಿ ಬರೆಯುವವರಿಗೆ ಆ ಅಂಗಳದಲ್ಲಿ ಜಾಗವಿಲ್ಲದಂತಾಯಿತು. ಇತ್ತ ಲಂಡನ್ನಿನ ಪ್ರಕಾಶಕರ ಕಣ್ಣಿಗೆ ಅವರು ದೂರದವರು. ಡೇವಿಸ್ ಕೂಡ ವೆಲ್ಷ್ ಮನೆತನದವನಾಗಿದ್ದು ಇಂಗ್ಲಿಷಿನಲ್ಲಿ ಬರೆದವನೇ.

ಮೊದಲ ಸ್ಪರ್ಧೆಯ ಫಲಿತಾಂಶವೇ ಇದರ ಅತ್ಯುತ್ತಮ ಸಮರ್ಥನೆ ಎನ್ನಬಹುದು. 1991ರಲ್ಲಿ ಗೆದ್ದದ್ದು ಲಿಯೊನೋರಾ ಬ್ರಿಟೊ (1954–2007) ಬರೆದ ‘ಡ್ಯಾಟ್ಸ್ ಲವ್’. ಬ್ರಿಟೊ ಕಾರ್ಡಿಫ್‌ನ ಕಪ್ಪು ಸಮುದಾಯದ ಹೆಣ್ಣುಮಗಳು. ಜಗತ್ತಿನ ನಾನಾ ದಿಕ್ಕಿನ ನಾವಿಕರು ಬಂದು ನೆಲೆಸಿದ್ದ ಆ ಊರಿನ ಬಂದರು ಪ್ರದೇಶದ ಬದುಕು, ಗಣಿ ಮತ್ತು ಪ್ರಾರ್ಥನಾಮಂದಿರಗಳ ಸುತ್ತ ತಿರುಗುತ್ತಿದ್ದ ವೇಲ್ಸ್‌ನ ಇಂಗ್ಲಿಷ್ ಕತೆಗಳಲ್ಲಿ ಕಾಣಿಸಿದ್ದು ಕಡಿಮೆ. ಒಳಗಿನವರೇ ಹೇಳಿದ್ದಂತೂ ಇನ್ನೂ ಕಡಿಮೆ. ಗೆದ್ದ ಕತೆಯ ಹೆಸರನ್ನೇ ಹೊತ್ತ ಆಕೆಯ ಮೊದಲ ಸಂಕಲನ 1995ರಲ್ಲಿ ಬಂತು.

ಮುಂದಿನ ವಿಜೇತರಲ್ಲಿ ಟ್ರಿಸ್ಟನ್ ಹ್ಯೂಸ್ ಮತ್ತು ಕೇಟ್ ಹೇಮರ್ ಹೆಚ್ಚು ಹೆಸರಾದವರು. ಹೇಮರ್ 2011ರಲ್ಲಿ ‘ಒನ್ ಸಮ್ಮರ್’ ಕತೆಗೆ ಬಹುಮಾನ ಪಡೆದಾಗ ಆಕೆಯ ಒಂದು ಕಾದಂಬರಿಯೂ ಹೊರಬಂದಿರಲಿಲ್ಲ. ನಾಲ್ಕು ವರ್ಷಗಳ ಮೇಲೆ ಪ್ರಕಟವಾದ ‘ದಿ ಗರ್ಲ್ ಇನ್ ದಿ ರೆಡ್ ಕೋಟ್’ ಬ್ರಿಟನ್ನಿನ ಹೊರಗೂ ಓದುಗರನ್ನು ಪಡೆಯಿತು. ಬಹುಮಾನವೇ ಅವರನ್ನು ಬೆಳೆಸಿತು ಎಂದರೆ ಅತಿಶಯ. ಹಸ್ತಪ್ರತಿ ಹಿಡಿದು ಪ್ರಕಾಶಕರ ಬಳಿ ಹೋಗುವವರಿಗೆ ಪರಿಚಯಪತ್ರವೊಂದು ಸಿಕ್ಕಿತು ಎನ್ನುವುದು ಸರಿ.

ಸ್ಪರ್ಧೆ ಪ್ರತಿ ವರ್ಷ ತಪ್ಪದೆ ನಡೆದುಬಂದದ್ದಲ್ಲ; ನಡುವೆ ದೀರ್ಘ ಬಿಡುವುಗಳಿವೆ. 2021ರಲ್ಲಿ ಟ್ರಸ್ಟ್, ಪಾರ್ಥಿಯನ್ ಪ್ರಕಾಶನ ಮತ್ತು ಸ್ವಾನ್ಸೀ ವಿಶ್ವವಿದ್ಯಾಲಯದ ಸಾಂಸ್ಕೃತಿಕ ಸಂಸ್ಥೆ ಕೂಡಿ ಅದಕ್ಕೆ ಮರುಜೀವ ಕೊಟ್ಟವು. ಆ ಸಲ ಮೊದಲ ಬಹುಮಾನ 1,000 ಪೌಂಡ್; ಕೊನೆಯ ಸುತ್ತಿಗೆ ಬಂದ ಉಳಿದ ಹನ್ನೊಂದು ಮಂದಿಗೆ ತಲಾ 100 ಪೌಂಡ್. ಲೇಖಕಿ ಜೂಲಿಯಾ ಬೆಲ್ ತೀರ್ಪುಗಾರರಾಗಿದ್ದರು. ನೇಯೊಮಿ ಪೌಲಸ್ ಬರೆದ ‘ಟೇಕ್ ಎ ಬೈಟ್’ ಗೆದ್ದಿತು. ಹನ್ನೆರಡೂ ಕತೆಗಳು ಅದೇ ಹೆಸರಿನ ಸಂಕಲನವಾಗಿ ಪಾರ್ಥಿಯನ್‌ನಿಂದ ಹೊರಬಂದವು. ಮರುವರ್ಷದ ವಿಜೇತೆ ಲಾರಾ ಮಾರಿಸ್, ಕತೆ ‘ಕ್ರೀ’.

ಹಣದ ಲೆಕ್ಕದಲ್ಲಿ ಇದು ಸಣ್ಣ ಬಹುಮಾನ. ಅದೇ ಸ್ವಾನ್ಸೀ ವಿಶ್ವವಿದ್ಯಾಲಯ ಕೊಡುವ ಡಿಲನ್ ಥಾಮಸ್ ಪ್ರಶಸ್ತಿಯ ಮೊತ್ತ 20,000 ಪೌಂಡ್. ಅದಕ್ಕೆ ಜಗತ್ತಿನ ಯಾವ ಮೂಲೆಯವರಾದರೂ ಅರ್ಹರು. ಆದರೆ ಅಲ್ಲಿ ಪ್ರಕಟವಾದ ಪುಸ್ತಕ ಬೇಕು, ವಯಸ್ಸು 39 ಮೀರಿರಬಾರದು. ಇಲ್ಲಿ ವಯಸ್ಸಿಗೆ ಮೇಲ್ಮಿತಿಯಿಲ್ಲ; ಒಂದೇ ಕತೆ ಸಾಕು. ಹೊಸಬನಿಗೆ ಸಾವಿರ ಪೌಂಡಿಗಿಂತ ಸಂಕಲನದಲ್ಲಿ ಸಿಗುವ ಹತ್ತಿಪ್ಪತ್ತು ಪುಟಗಳೇ ಹೆಚ್ಚು ಬೆಲೆಯುಳ್ಳವು.

ಅರ್ಹತೆಯ ನಿಯಮದಲ್ಲಿ ‘ಹುಟ್ಟಿದವರು ಅಥವಾ ನೆಲೆಸಿರುವವರು’ ಎಂದು ಎರಡನ್ನೂ ಒಪ್ಪಿರುವುದು ಗಮನಾರ್ಹ. ಹೊರಗಿನಿಂದ ಬಂದು ವೇಲ್ಸನ್ನು ಮನೆ ಮಾಡಿಕೊಂಡವರಿಗೂ ನಾಡು ಬಿಟ್ಟು ಹೋದವರಿಗೂ ಇದರಿಂದ ಅವಕಾಶವಿದೆ. ವಯಸ್ಕ ಬದುಕಿನ ಬಹುಪಾಲನ್ನು ಇಂಗ್ಲೆಂಡಿನಲ್ಲಿ ಕಳೆದ ಡೇವಿಸ್, ಹುಟ್ಟೂರಿನ ಬಲದ ಮೇಲಷ್ಟೇ ಈ ಸ್ಪರ್ಧೆಗೆ ಅರ್ಹನಾಗುತ್ತಿದ್ದ.

ಟ್ರಸ್ಟಿನ ಕೆಲಸ ಸ್ಪರ್ಧೆಗೆ ಮುಗಿಯುವುದಿಲ್ಲ. ಡೇವಿಸ್‌ನ ಕತೆಗಳೆಲ್ಲ ಮೈಕ್ ಸ್ಟೀವನ್ಸ್ ಸಂಪಾದನೆಯಲ್ಲಿ 1990ರ ದಶಕದಲ್ಲಿ ಮೂರು ಸಂಪುಟಗಳಾಗಿ ಬಂದವು. ಅವರೇ ಬರೆದ ಜೀವನಚರಿತ್ರೆಯನ್ನು 2013ರಲ್ಲಿ ಪಾರ್ಥಿಯನ್ ಪ್ರಕಟಿಸಿತು.