ಬ್ರೆಟ್, ಜೆರೆಮಿ

ಬ್ರಿಟಿಷ್ ರಂಗಭೂಮಿ, ಚಲನಚಿತ್ರ ಮತ್ತು ಟೆಲಿವಿಷನ್ ನಟ (1933–95). ಆರ್ಥರ್ ಕಾನನ್ ಡಾಯ್ಲ್ ಸೃಷ್ಟಿಸಿದ ಪತ್ತೇದಾರ ಷರ್ಲಾಕ್ ಹೋಮ್ಸ್‌ನ ಪಾತ್ರವನ್ನು ಗ್ರನಾಡಾ ಟೆಲಿವಿಷನ್ ಸಂಸ್ಥೆಯ ಸರಣಿಯಲ್ಲಿ 1984ರಿಂದ 1994ರವರೆಗೆ ನಿರ್ವಹಿಸಿ ಹೆಸರಾದವನು. ಬೆಸಿಲ್ ರಾತ್‌ಬೋನ್, ಪೀಟರ್ ಕುಶಿಂಗ್ ಮೊದಲಾದವರು ಆ ಪಾತ್ರವನ್ನು ಆಗಲೇ ಜನಪ್ರಿಯಗೊಳಿಸಿದ್ದರು. ಬ್ರೆಟ್ ತನ್ನ ಹಿಂದಿನವರ ಅಭಿನಯವನ್ನು ಬದಿಗಿಟ್ಟು ನೇರವಾಗಿ ಡಾಯ್ಲ್‌ನ ಕಥೆಗಳಿಗೇ ಹೋದ. ಬುದ್ಧಿಯಂತ್ರವೆಂದು ರೂಢಿಯಾಗಿಬಿಟ್ಟಿದ್ದ ಹೋಮ್ಸ್‌ನೊಳಗೆ ಒಂಟಿತನ, ಚಡಪಡಿಕೆ, ಸ್ನೇಹದ ಹಸಿವುಗಳಿರುವ ಮನುಷ್ಯನನ್ನು ಅಲ್ಲಿ ಕಂಡ.

ಹುಟ್ಟಿದ್ದು 1933ರ ನವೆಂಬರ್ 3ರಂದು, ಇಂಗ್ಲೆಂಡಿನ ವಾರಿಕ್‌ಷೈರ್ ಪ್ರಾಂತ್ಯದ ಬರ್ಕ್ಸ್‌ವೆಲ್ ಎಂಬ ಊರಿನಲ್ಲಿ. ಪೂರ್ಣ ಹೆಸರು ಪೀಟರ್ ಜೆರೆಮಿ ವಿಲಿಯಂ ಹಗಿನ್ಸ್. ತಂದೆ ಸೇನಾಧಿಕಾರಿ, ತಾಯಿ ಚಾಕೊಲೇಟಿಗೆ ಹೆಸರಾದ ಕ್ಯಾಡ್‌ಬರಿ ಮನೆತನಕ್ಕೆ ಸೇರಿದವಳು. ಓದು ಈಟನ್‌ನಲ್ಲಿ. ಅಕ್ಷರ ತೊಡಕಿನಿಂದಾಗಿ (ಡಿಸ್ಲೆಕ್ಸಿಯಾ) ಪಾಠಗಳಲ್ಲಿ ಹಿಂದೆ ಬಿದ್ದರೂ ಶಾಲೆಯ ಗಾಯನ ವೃಂದದಲ್ಲಿ ಮೆಚ್ಚುಗೆ ಪಡೆದ. ಮಗ ನಾಟಕಕ್ಕೆ ಸೇರುವುದು ತಂದೆಗೆ ಒಪ್ಪಿಗೆಯಾಗಲಿಲ್ಲ. ಮನೆತನದ ಹೆಸರನ್ನು ರಂಗದ ಮೇಲೆ ತರಕೂಡದೆಂದು ಅಪ್ಪಣೆಯಾಯಿತು. ತನ್ನ ಮೊದಲ ಸೂಟಿನ ಒಳಭಾಗದಲ್ಲಿ ಹೊಲಿದಿದ್ದ ಪಟ್ಟಿಯ ಮೇಲಿನ ಬ್ರೆಟ್ ಎಂಬ ಹೆಸರನ್ನೇ ಆತ ತೆಗೆದುಕೊಂಡ.

ಬಾಲ್ಯದಲ್ಲಿ ಈತನಿಗೆ ‘ರ’ಕಾರ ಸರಿಯಾಗಿ ಹೊರಳುತ್ತಿರಲಿಲ್ಲ. ಹದಿವಯಸ್ಸಿನಲ್ಲಿ ನಾಲಗೆಗೆ ಶಸ್ತ್ರಚಿಕಿತ್ಸೆಯಾಯಿತು. ಅನಂತರವೂ ಉಚ್ಚಾರಣೆಯ ಅಭ್ಯಾಸವನ್ನು ಜೀವನವಿಡೀ ದಿನವೂ ಬಿಡದೆ ಮಾಡಿದ. ಹೋಮ್ಸ್‌ನ ಮಾತಿನಲ್ಲಿ ಒಂದೊಂದು ವ್ಯಂಜನವೂ ಕತ್ತರಿಸಿಟ್ಟಂತೆ ಕೇಳುವುದರ ಹಿಂದೆ ಈ ದುಡಿಮೆಯಿದೆ. 16ರ ವಯಸ್ಸಿನ ಸುಮಾರಿಗೆ ಬಂದ ಸಂಧಿವಾತ ಜ್ವರ ಮಾತ್ರ ಹೃದಯದ ಮೇಲೆ ವಾಸಿಯಾಗದ ಹಾನಿ ಉಳಿಸಿಹೋಯಿತು.

ಲಂಡನ್ನಿನ ಸೆಂಟ್ರಲ್ ಸ್ಕೂಲ್ ಆಫ್ ಸ್ಪೀಚ್ ಅಂಡ್ ಡ್ರಾಮಾದಲ್ಲಿ ತರಬೇತಿ ಪಡೆದು 1954ರಲ್ಲಿ ಮ್ಯಾಂಚೆಸ್ಟರಿನ ಲೈಬ್ರರಿ ಥಿಯೇಟರಿನಲ್ಲಿ ವೃತ್ತಿ ಆರಂಭಿಸಿದ. ಬಳಿಕ ಲಂಡನ್ನಿನ ಓಲ್ಡ್ ವಿಕ್ ಸೇರಿದ. ಕಿಂಗ್ ವೀಡರ್ ನಿರ್ದೇಶಿಸಿದ ‘ವಾರ್ ಅಂಡ್ ಪೀಸ್’ (1956) ಚಿತ್ರದಲ್ಲಿ ನಿಕೊಲಾಯ್ ರೊಸ್ತೋವ್ ಆಗಿ, ಅಂದರೆ ಆಡ್ರೆ ಹೆಪ್‌ಬರ್ನ್‌ಳ ಅಣ್ಣನಾಗಿ ನಟಿಸಿದ. ಎಂಟು ವರ್ಷಗಳ ಮೇಲೆ ‘ಮೈ ಫೇರ್ ಲೇಡಿ’ಯಲ್ಲಿ (1964) ಅವಳನ್ನೇ ಮೋಹಿಸಿ ಬೀದಿಯಲ್ಲಿ ಕಾದು ನಿಲ್ಲುವ ಫ್ರೆಡ್ಡಿಯಾದ. ಒಳ್ಳೆಯ ಹಾಡುಗಾರನಾಗಿದ್ದರೂ ಫ್ರೆಡ್ಡಿಯ ಹಾಡಿಗೆ ಬಿಲ್ ಶರ್ಲಿಯ ದನಿ ಕೂಡಿಸಲಾಯಿತು. ಅದೇ ಚಿತ್ರದಲ್ಲಿ ಹೆಪ್‌ಬರ್ನ್‌ಳ ಹಾಡುಗಳಿಗೂ ಬಹುಮಟ್ಟಿಗೆ ಇದೇ ಗತಿಯಾಯಿತು. ಬ್ರೆಟ್‌ನ ಕಂಠ ಕೇಳಬಯಸುವವರು 1968ರಲ್ಲಿ ಬಿಬಿಸಿ ತಯಾರಿಸಿದ ‘ದ ಮೆರಿ ವಿಡೋ’ ಗೀತನಾಟಕವನ್ನು ನೋಡಬೇಕು.

ಸಿನಿಮಾಕ್ಕಿಂತ ಹೆಚ್ಚಾಗಿ ಈತನನ್ನು ತಿದ್ದಿದ್ದು ರಂಗಭೂಮಿ. 1961ರಲ್ಲಿ ಹ್ಯಾಮ್ಲೆಟ್ ಪಾತ್ರ ವಹಿಸಿದ. 1967ರಿಂದ ಲಾರೆನ್ಸ್ ಒಲಿವಿಯೆ ನಡೆಸುತ್ತಿದ್ದ ನ್ಯಾಷನಲ್ ಥಿಯೇಟರಿನ ತಂಡದಲ್ಲಿದ್ದು, ಸ್ತ್ರೀಪಾತ್ರಗಳನ್ನೂ ಗಂಡಸರೇ ಆಡಿದ ‘ಆ್ಯಸ್ ಯು ಲೈಕ್ ಇಟ್’ ಪ್ರಯೋಗದಲ್ಲಿ ಆರ್ಲ್ಯಾಂಡೊ ಆದ. 1970ರಲ್ಲಿ ಒಲಿವಿಯೆ ಶೈಲಾಕ್ ಆಗಿದ್ದ ‘ಮರ್ಚೆಂಟ್ ಆಫ್ ವೆನಿಸ್’ನಲ್ಲಿ ಬಸಾನಿಯೊ ಪಾತ್ರ ಈತನದು. ಪದ್ಯದ ಲಯ ಕೆಡದಂತೆ ಮಾತಾಡುವುದು, ಕೈಬೆರಳಿನ ಒಂದು ಚಲನೆಯಿಂದ ಇಡೀ ಸಭಾಂಗಣವನ್ನು ಹಿಡಿದಿಡುವುದು, ಇವೆರಡೂ ಈ ವರ್ಷಗಳ ಗಳಿಕೆ. ಟೆಲಿವಿಷನ್ನಿನಲ್ಲಿ ‘ದ ತ್ರೀ ಮಸ್ಕೆಟಿಯರ್ಸ್’ನ ದಾರ್ತಾನ್ಯಾಂ (1966), ‘ರೆಬೆಕಾ’ದ ಮ್ಯಾಕ್ಸಿಮ್ ದ ವಿಂಟರ್ (1979), ಗ್ರನಾಡಾದ ‘ದ ಗುಡ್ ಸೋಲ್ಜರ್’ನ ಎಡ್ವರ್ಡ್ ಆಶ್‌ಬರ್ನ್‌ಹ್ಯಾಮ್ (1981) ಗಮನಾರ್ಹ ಪಾತ್ರಗಳು. ಇವುಗಳಲ್ಲಿ ‘ರೆಬೆಕಾ’ಕ್ಕೆ ಇನ್ನೊಂದು ವಿಶೇಷವಿದೆ: ಮನೆವಾರ್ತೆಯ ಮಿಸೆಸ್ ಡ್ಯಾನ್‌ವರ್ಸ್ ಆಗಿ ಈತನೆದುರು ನಟಿಸಿದ ಆನಾ ಮ್ಯಾಸಿ ಈತನ ಮೊದಲ ಹೆಂಡತಿ. ಇವರ ಮದುವೆ 1958ರಲ್ಲಿ ನಡೆದು 1962ರಲ್ಲಿ ವಿಚ್ಛೇದನವಾಗಿತ್ತು. ಇವರ ಮಗ ಡೇವಿಡ್ ಹಗಿನ್ಸ್ ಕಾದಂಬರಿಕಾರ.

ಹೋಮ್ಸ್ ಕಥೆಗಳ ಲೋಕಕ್ಕೆ ಬ್ರೆಟ್ ಕಾಲಿಟ್ಟಿದ್ದು ಹೋಮ್ಸ್‌ನ ಗೆಳೆಯ ಡಾಕ್ಟರ್ ವಾಟ್ಸನ್ ಆಗಿ. 1980ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ನಡೆದ ‘ದ ಕ್ರೂಸಿಫರ್ ಆಫ್ ಬ್ಲಡ್’ ನಾಟಕದಲ್ಲಿ ಚಾರ್ಲ್ಟನ್ ಹೆಸ್ಟನ್ ಹೋಮ್ಸ್, ಬ್ರೆಟ್ ಡಾಕ್ಟರ್. ಆನಂತರ ಮ್ಯಾಂಚೆಸ್ಟರಿನ ಗ್ರನಾಡಾ ಸಂಸ್ಥೆಯಲ್ಲಿ ನಿರ್ಮಾಪಕ ಮೈಕೆಲ್ ಕಾಕ್ಸ್ ಡಾಯ್ಲ್‌ನ ಕಥೆಗಳನ್ನು ಮೂಲನಿಷ್ಠೆಯಿಂದ ತೆರೆಗೆ ತರುವ ಯೋಜನೆ ಹಾಕಿದ. ಹೋಮ್ಸ್ ಮತ್ತು ವಾಟ್ಸನ್ ಏನು ತಿನ್ನುತ್ತಾರೆ, ಏನು ಸೇದುತ್ತಾರೆ, ಹೇಗೆ ನಗುತ್ತಾರೆ, ಕೋಣೆಯಲ್ಲಿ ಯಾವ ವಸ್ತು ಎಲ್ಲಿದೆ ಎಂಬುದನ್ನೆಲ್ಲ ಕಥೆಗಳಿಂದ ಹೆಕ್ಕಿ ‘ಬೇಕರ್ ಸ್ಟ್ರೀಟ್ ಫೈಲ್’ ಎಂಬ 77 ಪುಟಗಳ ಕೈಪಿಡಿ ಸಿದ್ಧವಾಯಿತು. ಸ್ಟುಡಿಯೋದ ಆವರಣದಲ್ಲಿ ವಿಕ್ಟೋರಿಯಾ ಕಾಲದ ಬೇಕರ್ ಬೀದಿಯನ್ನೇ ಕಟ್ಟಿದರು. ಸ್ಟ್ರ್ಯಾಂಡ್ ಪತ್ರಿಕೆಯಲ್ಲಿ ಈ ಕಥೆಗಳಿಗೆ ಸಿಡ್ನಿ ಪ್ಯಾಜೆಟ್ ಬರೆದಿದ್ದ ಚಿತ್ರಗಳ ವಿನ್ಯಾಸವನ್ನು ಹಲವು ದೃಶ್ಯಗಳಲ್ಲಿ ಹಾಗೆಯೇ ಮರುಸೃಷ್ಟಿಸಿದರು. ಮೊದಲ ಕಂತು ‘ಎ ಸ್ಕ್ಯಾಂಡಲ್ ಇನ್ ಬೊಹೀಮಿಯಾ’ 1984ರ ಏಪ್ರಿಲ್ 24ರಂದು ಐಟಿವಿಯಲ್ಲಿ ಪ್ರಸಾರವಾಯಿತು.

ಬ್ರೆಟ್ ಮೂಲ ಕಥೆಗಳ ತನ್ನ ಪ್ರತಿಯನ್ನು ಚಿತ್ರೀಕರಣದ ಸ್ಥಳಕ್ಕೂ ಒಯ್ಯುತ್ತಿದ್ದ. ಚಿತ್ರಕಥೆ ಡಾಯ್ಲ್‌ನಿಂದ ದೂರ ಸರಿದಿದೆ ಎನ್ನಿಸಿದರೆ ವಾದಕ್ಕಿಳಿಯುತ್ತಿದ್ದ. ಆದರೆ ಮೂಲನಿಷ್ಠೆಯೊಂದರಿಂದಲೇ ಪಾತ್ರಕ್ಕೆ ಜೀವ ಬರುವುದಿಲ್ಲ. ಈ ಹೋಮ್ಸ್ ದಿನಗಟ್ಟಲೆ ಮಂಕಾಗಿ ಮಲಗುತ್ತಾನೆ. ಸುಳಿವು ಸಿಕ್ಕಿದೊಡನೆ ಸೋಫಾ ಹಾರಿ ನೆಲದ ಮೇಲೆ ಹೊಟ್ಟೆಯೂರಿ ಹೆಜ್ಜೆಗುರುತು ಹುಡುಕುತ್ತಾನೆ. ಅವನ ನಗು ತುಟಿಯಂಚಿನಲ್ಲಿ ಮಿಂಚಿ ಮಾಯವಾಗುತ್ತದೆ. ದನಿ ಪಿಸುಮಾತಿನಿಂದ ಗರ್ಜನೆಗೆ ಒಂದೇ ನೆಗೆತದಲ್ಲಿ ಏರುತ್ತದೆ. ಇದು ಅತಿಯಾಯಿತೆಂದು ಆಕ್ಷೇಪಿಸಿದವರುಂಟು. ಡಾಯ್ಲ್‌ನ ಪುಟಗಳನ್ನು ಮತ್ತೆ ತೆರೆದರೆ ಈ ಏರಿಳಿತ ಅಲ್ಲಿಯೇ ಇದೆ. ಹಿಂದಿನ ನಟರು ಅದನ್ನು ಸಪಾಟು ಮಾಡಿದ್ದರು, ಅಷ್ಟೆ. ಆದರೂ ಈ ಮನುಷ್ಯನ ಶೀತಲತೆ ಬ್ರೆಟ್‌ನನ್ನು ಕಾಡುತ್ತಿತ್ತು. ತಾಯಿಯ ಅಪ್ಪುಗೆ ಕಾಣದ ಬಾಲ್ಯವೊಂದನ್ನು ಹೋಮ್ಸ್‌ಗೆ ತನ್ನ ಮನಸ್ಸಿನಲ್ಲೇ ಕಲ್ಪಿಸಿಕೊಂಡು ಆ ಖಾಲಿಜಾಗ ತುಂಬಿದ.

ವಾಟ್ಸನ್ ಪಾತ್ರದ ಉದ್ಧಾರ ಈ ಸರಣಿಯ ಇನ್ನೊಂದು ಸಾಧನೆ. ಹಾಲಿವುಡ್ ಚಿತ್ರಗಳಲ್ಲಿ ಪೆದ್ದನಾಗಿದ್ದ ಡಾಕ್ಟರು ಇಲ್ಲಿ ಅಫ್ಘಾನ್ ಯುದ್ಧ ಕಂಡ, ಧೈರ್ಯಸ್ಥ, ತಿಳಿವಳಿಕಸ್ಥ. ಮೊದಲ 13 ಕಂತುಗಳಲ್ಲಿ ಈ ಪಾತ್ರ ಡೇವಿಡ್ ಬರ್ಕ್‌ನದು. ಆತ ರಾಯಲ್ ಶೇಕ್ಸ್‌ಪಿಯರ್ ಕಂಪನಿಗೆ ಹೋದ ಮೇಲೆ ಎಡ್ವರ್ಡ್ ಹಾರ್ಡ್‌ವಿಕ್ ಬಂದ. ಬರ್ಕ್‌ನ ವಾಟ್ಸನ್ ಚುರುಕು, ತುಂಟ. ಹಾರ್ಡ್‌ವಿಕ್‌ನದು ಹೆಚ್ಚು ತಾಳ್ಮೆಯ, ನೋವನ್ನು ಬಲ್ಲ ವಾಟ್ಸನ್. ಅವನೊಡನೆ ಇದ್ದಾಗಲೇ ಬ್ರೆಟ್‌ನ ಅಭಿನಯ ಹೆಚ್ಚು ಆಳಕ್ಕೆ ಇಳಿಯುತ್ತದೆ. ಮೂರು ವರ್ಷ ಸತ್ತನೆಂದು ನಂಬಿದ್ದ ಗೆಳೆಯ ಮರಳಿ ಬರುವ ‘ದ ಎಂಪ್ಟಿ ಹೌಸ್’ ಕಂತಿನ ಭೇಟಿಯನ್ನು ನೋಡಿದವರಿಗೆ ಇದು ತಿಳಿಯುತ್ತದೆ. ಇಬ್ಬರೇ ನಟರಿರುವ ‘ದ ಸೀಕ್ರೆಟ್ ಆಫ್ ಷರ್ಲಾಕ್ ಹೋಮ್ಸ್’ ನಾಟಕವನ್ನು ಜೆರೆಮಿ ಪಾಲ್‌ನಿಂದ ಬ್ರೆಟ್ ಬರೆಯಿಸಿದ. 1988–89ರಲ್ಲಿ ಲಂಡನ್ನಿನ ವಿಂಡಮ್ಸ್ ಥಿಯೇಟರಿನಲ್ಲಿ ಈ ಜೋಡಿಯೇ ಅದನ್ನು ಆಡಿತು.

ಬೋಸ್ಟನ್‌ನ ಟೆಲಿವಿಷನ್ ನಿರ್ಮಾಪಕಿ ಜೋನ್ ವಿಲ್ಸನ್ ಬ್ರೆಟ್‌ನ ಎರಡನೆಯ ಹೆಂಡತಿ. ಬ್ರಿಟಿಷ್ ನಾಟಕಗಳನ್ನು ಅಮೆರಿಕದ ವೀಕ್ಷಕರಿಗೆ ತಲುಪಿಸಿದ ‘ಮಾಸ್ಟರ್‌ಪೀಸ್ ಥಿಯೇಟರ್’ ಕಾರ್ಯಕ್ರಮದ ಹೊಣೆ ಹೊತ್ತಿದ್ದವಳು ಅವಳು. 1985ರ ಜುಲೈಯಲ್ಲಿ ಅವಳು ಕ್ಯಾನ್ಸರ್‌ನಿಂದ ತೀರಿಕೊಂಡಳು. ಆ ದುಃಖದ ಬೆನ್ನಿಗೇ ಸರಣಿಯ ಮುಂದಿನ ಭಾಗದ ದುಡಿಮೆ ಬಂತು. 1986ರಲ್ಲಿ ಬ್ರೆಟ್ ಮಾನಸಿಕವಾಗಿ ಕುಸಿದು ಆಸ್ಪತ್ರೆ ಸೇರಿದ. ಅತಿಯಾದ ಉತ್ಸಾಹವೂ ಆಳವಾದ ಖಿನ್ನತೆಯೂ ಸರದಿಯಂತೆ ಬರುವ ಬೈಪೋಲಾರ್ ಕಾಯಿಲೆಯೆಂದು ವೈದ್ಯರು ಗುರುತಿಸಿದರು. ಚಿಕಿತ್ಸೆಗೆ ಕೊಟ್ಟ ಲಿಥಿಯಂನಿಂದ ಮೈಯಲ್ಲಿ ನೀರು ತುಂಬಿ ದೇಹ ಊದಿತು. ಮೊದಲೇ ದುರ್ಬಲವಾಗಿದ್ದ ಹೃದಯಕ್ಕೆ ಅದೂ ಭಾರವಾಯಿತು.

ಈ ಅವಧಿಯ ‘ದ ಡೆವಿಲ್ಸ್ ಫುಟ್’ (1988) ಕಂತಿನಲ್ಲಿ ಹೋಮ್ಸ್ ಕಾರ್ನ್‌ವಾಲ್‌ನ ಕಡಲದಂಡೆಯಲ್ಲಿ ತನ್ನ ಕೊಕೇನ್ ಸಿರಿಂಜನ್ನು ಮರಳಿನಲ್ಲಿ ಹೂತುಹಾಕುತ್ತಾನೆ. ಮೂಲದಲ್ಲಿಲ್ಲದ ದೃಶ್ಯವಿದು. ಮಕ್ಕಳೂ ಈ ಸರಣಿ ನೋಡುತ್ತಿದ್ದಾರೆಂಬ ಕಾಳಜಿಯಿಂದ ಬ್ರೆಟ್ ಇದನ್ನು ಬಯಸಿದ. ಕಾನನ್ ಡಾಯ್ಲ್‌ನ ಮಗಳು ಡೇಮ್ ಜೀನ್ ಒಪ್ಪಿಗೆ ನೀಡಿದಳು. ಮೂಲವನ್ನು ಅಷ್ಟು ಕಟ್ಟುನಿಟ್ಟಾಗಿ ಕಾಯುತ್ತಿದ್ದ ನಟನೇ ಬಯಸಿ ಮಾಡಿದ ಬದಲಾವಣೆಯಾದ್ದರಿಂದ ಇದಕ್ಕೆ ಹೆಚ್ಚಿನ ತೂಕವಿದೆ.

1990ರ ದಶಕದ ಕಂತುಗಳು ಮೊದಲಿನವುಗಳ ಮಟ್ಟದಲ್ಲಿಲ್ಲ. ಸಣ್ಣಕಥೆಗಳನ್ನು ಎಳೆದು ಎರಡು ಗಂಟೆಯ ಚಿತ್ರ ಮಾಡಿದ ‘ದ ಲಾಸ್ಟ್ ವ್ಯಾಂಪೈರ್’, ‘ದಿ ಎಲಿಜಿಬಲ್ ಬ್ಯಾಚಲರ್’ (ಎರಡೂ 1993) ಡಾಯ್ಲ್‌ನ ಕೈಬಿಟ್ಟು ಅಲೆಯುತ್ತವೆ. ದೋಷ ಬರವಣಿಗೆಯದು, ನಟನದಲ್ಲ. ಕಡೆಯ ಸರಣಿಯ ಹೊತ್ತಿಗೆ ಬ್ರೆಟ್‌ಗೆ ಉಸಿರಾಟವೂ ಕಷ್ಟವಾಗಿತ್ತು. ‘ದ ಮ್ಯಾಜರಿನ್ ಸ್ಟೋನ್’ ಕಂತಿನ ಹೊತ್ತಿಗೆ ಆರೋಗ್ಯ ತೀರ ಕೆಟ್ಟು, ತನಿಖೆಯ ಭಾಗವನ್ನು ಹೋಮ್ಸ್‌ನ ಅಣ್ಣ ಮೈಕ್ರಾಫ್ಟ್ ಪಾತ್ರದ ಚಾರ್ಲ್ಸ್ ಗ್ರೇಗೆ ವಹಿಸಬೇಕಾಯಿತು. ಹಾಗಿದ್ದೂ ‘ದ ಡೈಯಿಂಗ್ ಡಿಟೆಕ್ಟಿವ್’ನಲ್ಲಿ ಸಾಯುತ್ತಿರುವಂತೆ ನಟಿಸುವ ಹೋಮ್ಸ್‌ನನ್ನು ನಿಜವಾಗಿಯೂ ಕಾಯಿಲೆಯಲ್ಲಿದ್ದ ಈ ನಟ ಎಲ್ಲಿಯೂ ಹದ ತಪ್ಪದೆ ತೋರಿಸಿದ್ದಾನೆ. 1994ರ ಏಪ್ರಿಲ್‌ನಲ್ಲಿ ಪ್ರಸಾರವಾದ ‘ದ ಕಾರ್ಡ್‌ಬೋರ್ಡ್ ಬಾಕ್ಸ್’ ಕೊನೆಯ ಕಂತು. ಐದು ಪೂರ್ಣಾವಧಿ ಚಿತ್ರಗಳೂ ಸೇರಿ ಒಟ್ಟು 41 ಕಂತುಗಳಾದವು. ಡಾಯ್ಲ್ ಬರೆದ 60 ಹೋಮ್ಸ್ ಕಥೆಗಳನ್ನೂ ಮುಗಿಸಬೇಕೆಂಬ ಬ್ರೆಟ್‌ನ ಆಸೆ ಕೈಗೂಡಲಿಲ್ಲ.

ಮಾನಸಿಕ ಕಾಯಿಲೆಯನ್ನು ಮನೆಯೊಳಗೇ ಮುಚ್ಚಿಡುತ್ತಿದ್ದ ಕಾಲದಲ್ಲಿ ಬ್ರೆಟ್ ತನ್ನದನ್ನು ಕೊನೆಯ ವರ್ಷಗಳಲ್ಲಿ ಬಹಿರಂಗವಾಗಿ ಹೇಳಿಕೊಂಡು, ಅಂಥ ರೋಗಿಗಳ ನೆರವಿಗೆಂದು ಸಾರ್ವಜನಿಕರ ಮುಂದೆ ಮಾತಾಡಿದ. 1995ರ ಸೆಪ್ಟೆಂಬರ್ 12ರಂದು ಲಂಡನ್ನಿನ ಕ್ಲ್ಯಾಪಮ್‌ನ ತನ್ನ ಮನೆಯಲ್ಲಿ ಹೃದಯ ವೈಫಲ್ಯದಿಂದ ನಿಧನನಾದ. ಸಣ್ಣ ಪಾತ್ರವೊಂದರಲ್ಲಿ ನಟಿಸಿದ್ದ ‘ಮಾಲ್ ಫ್ಲ್ಯಾಂಡರ್ಸ್’ ಚಿತ್ರ 1996ರಲ್ಲಿ ಬಿಡುಗಡೆಯಾಯಿತು.